ಪ್ರಕೃತಿ ಮಾತೆಯ ಪೇ ಸ್ಲಿಪ್ಪು

ಮೊನ್ನೆ ಮಲ್ಲೇಶ್ವರದ ಒಂದು ಮದುವೆ ಊಟದಲ್ಲಿ, ಕೋಸಂಬರಿ ಮುಗಿದು ಹುಳಿ ಬರುವುದರೊಳಗೆ, ನನ್ನ ಷಡ್ಡಕರು ಒಂದು ವೈಜ್ಞಾನಿಕ ಸತ್ಯ ಬಡಿಸಿದರು. "ನೋಡಯ್ಯ, ನಾನೇನೂ ಹೆಂಗಸರ ವಿರೋಧಿಯಲ್ಲ. ನನ್ನ ಟೀಮಿನಲ್ಲಿ ಅರ್ಧಕ್ಕರ್ಧ ಹುಡುಗೀರೇ. ಟೆಸ್ಟಿಂಗು, ಡಾಕ್ಯುಮೆಂಟೇಷನ್ನು ಕೊಟ್ರೆ ಕಣ್ಣಿಗೆ ಒತ್ಕೊಳ್ಳೋ ಹಾಗೆ ಮಾಡ್ತಾರೆ. ಆದ್ರೆ ಡೀಪ್ ಕೋಡಿಂಗು, ಆರ್ಕಿಟೆಕ್ಚರು ಅಂದ್ರೆ ಸ್ವಲ್ಪ ಕಷ್ಟ. ಪ್ರಕೃತಿನೇ ಹಾಗೆ ಮಾಡಿಬಿಟ್ಟಿದೆ. ನಾವೇನು ಮಾಡೋಕಾಗತ್ತೆ?"

"ನಾನೇನೂ ವಿರೋಧಿಯಲ್ಲ" ಎಂದು ಹೊರಟ ಮಾತು ಯಾವ ಸ್ಟಾಪಿನಲ್ಲಿ ಇಳಿಯುತ್ತದೆ ಅಂತ ಸೌಟು ಹಿಡಿದು ನಿಂತಿದ್ದ ಹುಡುಗನಿಗೂ ಗೊತ್ತಿತ್ತು. ನಾನು ಹುಳಿಯ ಕಡೆ ಗಮನ ಕೊಟ್ಟೆ. ಮನೆಗೆ ಬಂದ ಮೇಲೆ ಮಾತ್ರ ಕುತೂಹಲ ತಡೆಯಲಿಲ್ಲ. ಈ ಪ್ರಕೃತಿ ಮಾತೆ ಕಂಪ್ಯೂಟರ್ ವಿಷಯದಲ್ಲಿ ಯಾವಾಗ ಯಾವ ತೀರ್ಪು ಕೊಟ್ಟಿದ್ದಾಳೆ ಅಂತ ಹಳೆಯ ಕಡತ ತೆಗೆದು ಕೂತೆ. ಪ್ರತಿ ಸಲವೂ ಆಕೆ ಮೊದಲು ಪೇ ಸ್ಲಿಪ್ಪು ನೋಡಿ ಆಮೇಲೆ ಬಾಯಿ ಬಿಟ್ಟಿದ್ದಾಳೆ.

ಕಂಪ್ಯೂಟರ್ ಅನ್ನುವುದು ಮೊದಲು ಯಂತ್ರದ ಹೆಸರಲ್ಲ, ಹುದ್ದೆಯ ಹೆಸರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಗಣಿತ ಓದಿದ ಹುಡುಗಿಯರನ್ನು ಸಾಲಾಗಿ ಕೂರಿಸಿ, ಫಿರಂಗಿ ಗುಂಡು ಯಾವ ಕೋನದಲ್ಲಿ ಹಾರಿಸಿದರೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿಸುತ್ತಿದ್ದರು. ಅವರ ಹುದ್ದೆಯೇ 'ಕಂಪ್ಯೂಟರ್'. ಒಂದೇ ಒಂದು ಗುಂಡಿನ ದಾರಿಗೆ ಮೂವತ್ತು ನಲವತ್ತು ಗಂಟೆ. ಇದನ್ನು ಬೇಗ ಮುಗಿಸಲೆಂದೇ ಎನಿಯಾಕ್ ಬಂತು: ಸುಮಾರು 18,000 ವಾಲ್ವು, 30 ಟನ್ ತೂಕ. ವಿನ್ಯಾಸ ಮಾಡಿದವರು ಗಂಡಸರು. ಅದಕ್ಕೆ ಲೆಕ್ಕ ಮಾಡುವುದನ್ನು ಕಲಿಸುವುದು? ಅದೇನು ಮಹಾ, ವೈರು ಚುಚ್ಚೋದು, ಸ್ವಿಚ್ಚು ತಿರುಗಿಸೋದು, ಗುಮಾಸ್ತರ ಕೆಲಸ ಅಂದುಕೊಂಡು ಆರು ಹೆಣ್ಣುಮಕ್ಕಳನ್ನು ಆರಿಸಿದರು. ಸರ್ಕಾರಿ ದರ್ಜೆಯಲ್ಲಿ ಅವರು 'ಉಪ-ವೃತ್ತಿಪರರು', ಅಂದರೆ ವೃತ್ತಿಪರರಿಗಿಂತ ಒಂದು ಮೆಟ್ಟಿಲು ಕೆಳಗೆ. ಕೈಪಿಡಿ ಇಲ್ಲ, ಪ್ರೋಗ್ರಾಮಿಂಗ್ ಭಾಷೆ ಅನ್ನುವುದು ಇನ್ನೂ ಹುಟ್ಟಿಲ್ಲ. ಶುರುವಿನಲ್ಲಿ ಯಂತ್ರದ ಕೋಣೆಗೂ ಪ್ರವೇಶವಿರಲಿಲ್ಲ, ರಹಸ್ಯ ಯೋಜನೆಯಲ್ಲವೇ! ಸರ್ಕ್ಯೂಟಿನ ನಕ್ಷೆಗಳನ್ನು ಹರಡಿಕೊಂಡು, ಅದರೊಳಗೆ ಏನು ನಡೆಯುತ್ತದೆ ಅಂತ ತಾವೇ ಊಹಿಸಿ ಕಲಿತರು. ಅಡುಗೆಮನೆಗೆ ಬಿಡದೆ, ಗ್ಯಾಸ್ ಪೈಪಿನ ಚಿತ್ರ ತೋರಿಸಿ "ಹಬ್ಬದಡುಗೆ ಮಾಡಮ್ಮ" ಅಂದ ಹಾಗೆ.

ಅವರು ಮಾಡಿದರು. 1946ರ ಫೆಬ್ರವರಿಯಲ್ಲಿ ದೊಡ್ಡ ದೊಡ್ಡವರ ಮುಂದೆ ಪ್ರದರ್ಶನ. ನೆಲಕ್ಕೆ ಬೀಳಲು 30 ಸೆಕೆಂಡು ಹಿಡಿಯುವ ಗುಂಡಿನ ದಾರಿಯನ್ನು ಯಂತ್ರ 20 ಸೆಕೆಂಡಿನಲ್ಲಿ ಹೇಳಿತು. ಅಂದಿನ ಪ್ರೋಗ್ರಾಮ್ ಸಿದ್ಧ ಮಾಡಿದವರು ಬೆಟ್ಟಿ ಸ್ನೈಡರ್ ಮತ್ತು ಜೀನ್ ಬಾರ್ಟಿಕ್. ಚಪ್ಪಾಳೆ ಆಯಿತು, ಫೋಟೋ ಆಯಿತು, ರಾತ್ರಿ ಔತಣಕೂಟ ಆಯಿತು. ಆರು ಹೆಂಗಸರಿಗೆ ಮಾತ್ರ ಊಟಕ್ಕೆ ಕರೆ ಬರಲಿಲ್ಲ. ಚಳಿಯಲ್ಲಿ ಮನೆಗೆ ಹೋದರು. ಆಮೇಲೆ ಸೇನೆಯ ನೇಮಕಾತಿ ಜಾಹೀರಾತಿಗೆ ಎನಿಯಾಕ್ ಫೋಟೋ ಬೇಕಾದಾಗ ಹೆಂಗಸರಿದ್ದ ಭಾಗ ಕತ್ತರಿಸಿ, ಸಮವಸ್ತ್ರದ ಗಂಡಸನ್ನಷ್ಟೇ ಉಳಿಸಿಕೊಂಡರು. 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋ ಹಿಡಿದು "ಇವರು ಯಾರು?" ಅಂತ ಕೇಳಿದರೆ ಸಿಕ್ಕ ಉತ್ತರ: ಫ್ರಿಜ್ ಜಾಹೀರಾತಿನಲ್ಲಿ ನಿಲ್ಲುತ್ತಾರಲ್ಲ, ಹಾಗೆ ಯಂತ್ರ ಚೆನ್ನಾಗಿ ಕಾಣಲೆಂದು ನಿಲ್ಲಿಸಿದ ರೂಪದರ್ಶಿಗಳು! ನನಗಂತೂ ಪಾಪ ಫ್ರಿಜ್ ಮೇಲೇ ಕನಿಕರ ಬಂತು.

ಆ ಕಾಲದಲ್ಲಿ ಪ್ರಕೃತಿ ಮಾತೆಯ ತೀರ್ಪು ಸ್ಪಷ್ಟವಾಗಿತ್ತು: ಪ್ರೋಗ್ರಾಮಿಂಗ್ ಅನ್ನುವುದು ತಾಳ್ಮೆಯ ಕೆಲಸ, ಚಿಲ್ಲರೆ ವಿವರಗಳ ಕೆಲಸ, ಹೆಣ್ಣಿನ ಹುಟ್ಟುಗುಣಕ್ಕೆ ಹೇಳಿ ಮಾಡಿಸಿದ್ದು. 1967ರಲ್ಲಿ ಕಾಸ್ಮೊಪಾಲಿಟನ್ ಪತ್ರಿಕೆ 'ಕಂಪ್ಯೂಟರ್ ಹುಡುಗಿಯರು' ಅಂತ ಲೇಖನವನ್ನೇ ಮಾಡಿತು. ಅದರಲ್ಲಿ ಗ್ರೇಸ್ ಹಾಪರ್ ಅವರು ಪ್ರೋಗ್ರಾಮಿಂಗನ್ನು ರಾತ್ರಿಯೂಟದ ತಯಾರಿಗೆ ಹೋಲಿಸಿದರು: ಯಾವುದು ಯಾವಾಗ ಬೇಕೋ ಆವಾಗ ಸಿದ್ಧವಿರುವಂತೆ ಮೊದಲೇ ಯೋಚಿಸಿಟ್ಟುಕೊಳ್ಳಬೇಕು, ಅಷ್ಟೆ. ಹೇಳಿದವರು ಸಾಮಾನ್ಯರಲ್ಲ. 1952ರಲ್ಲೇ ಕಂಪೈಲರ್ ಬರೆದವರು. ಅಮೆರಿಕದ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದವರು.

ಊಟದ ಹೋಲಿಕೆ ಕೊಟ್ಟು ಹಾಪರಮ್ಮ ನನಗೆ ಒಂದು ಬೀಗದ ಕೈ ಕೊಟ್ಟರು. ನಮ್ಮಲ್ಲಿ ಮನೆಯಲ್ಲಿ ದಿನಾ ಮೂರು ಹೊತ್ತು ಬೇಯಿಸುವುದು ಹೆಂಗಸಿನ ಹುಟ್ಟುಗುಣ. ಅದೇ ಸಾರನ್ನು ಸಾವಿರ ಎಲೆಗೆ, ಕಂಟ್ರಾಕ್ಟು ಬರೆದು, ಅಡ್ವಾನ್ಸು ಎಣಿಸಿಕೊಂಡು ಮಾಡುವಾಗ ಅದು ಅಡುಗೆ ಭಟ್ಟರ ವಿದ್ಯೆ. ಒಗ್ಗರಣೆ ಬದಲಾಗಿಲ್ಲ, ಸಾಸಿವೆ ಅದೇ ಸಾಸಿವೆ. ಬದಲಾದದ್ದು ಅಡ್ವಾನ್ಸು.

ಪ್ರೋಗ್ರಾಮಿಂಗಿಗೂ ಅಡ್ವಾನ್ಸು ಬರತೊಡಗಿದ ಕೂಡಲೇ ಮನೋವಿಜ್ಞಾನಿಗಳು ಓಡಿ ಬಂದರು. 1960ರ ದಶಕದಲ್ಲಿ ಇಬ್ಬರು ತಜ್ಞರು 1,378 ಪ್ರೋಗ್ರಾಮರುಗಳನ್ನು ಪರೀಕ್ಷಿಸಿದರು. ಅದರಲ್ಲಿ ಹೆಂಗಸರು 186. ಒಳ್ಳೆಯ ಪ್ರೋಗ್ರಾಮರಿಗೆ ಒಗಟು ಬಿಡಿಸುವುದು ಇಷ್ಟ, ಜನ ಕಂಡರೆ ಅಷ್ಟಕ್ಕಷ್ಟೆ ಅಂತ ತೀರ್ಮಾನವಾಯಿತು. ಜನ ಕಂಡರಾಗದವರನ್ನು ಹುಡುಕಿ ಹುಡುಕಿ ಕೆಲಸ ಕೊಟ್ಟರು. (ಇವತ್ತಿನ ಕಸ್ಟಮರ್ ಕೇರ್ ಆ್ಯಪುಗಳ ಮೂಲಪುರುಷರು ಯಾರು ಅಂತ ಈಗ ತಿಳಿಯಿತು.) ಆಮೇಲೆ ಮನೆಗೆ ಬಂದ ಪುಟ್ಟ ಕಂಪ್ಯೂಟರು ಮಗನ ಕೋಣೆ ಸೇರಿತು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವೀಧರರಲ್ಲಿ ಹೆಣ್ಣುಮಕ್ಕಳ ಪಾಲು 1984ರ ಹೊತ್ತಿಗೆ ಶೇ. 37ರಷ್ಟಿದ್ದದ್ದು ಮುಂದೆ ಅರ್ಧಕ್ಕಿಳಿಯಿತು. ಒಂದೇ ತಲೆಮಾರಿನಲ್ಲಿ ಮೆದುಳು ಹೀಗೆ ಬದಲಾಗುವುದನ್ನು ಡಾರ್ವಿನ್ ಕೂಡ ಕನಸಿನಲ್ಲಿ ಕಂಡಿರಲಿಕ್ಕಿಲ್ಲ.

ಬ್ರಿಟನ್ನಿನಲ್ಲಿ ಸ್ಟೆಫನಿ ಶರ್ಲಿ ಎಂಬಾಕೆ 1962ರಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಬರೆದ ಪತ್ರಗಳಿಗೆ ಉತ್ತರವೇ ಇಲ್ಲ. ಗಂಡನ ಸಲಹೆಯಂತೆ ಸಹಿಯನ್ನು 'ಸ್ಟೀವ್' ಅಂತ ಹಾಕತೊಡಗಿದ ಮೇಲೆ ಬಾಗಿಲು ತೆರೆಯಿತು. ಅವರ ಮೊದಲ ಮುನ್ನೂರು ಜನರಲ್ಲಿ ಗಂಡಸರು ಮೂವರೇ. ಮಕ್ಕಳ ಕಾರಣಕ್ಕೆ ನೌಕರಿ ಬಿಟ್ಟ ತಾಯಂದಿರು ಮನೆಯಲ್ಲಿ ಕೂತು ಕಾನ್ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಮ್ ಬರೆದರು. ಫೋನಿನಲ್ಲಿ ಮಗುವಿನ ಅಳು ಕೇಳಿಸದಿರಲೆಂದು ಶರ್ಲಿ ಟೈಪಿಂಗ್ ಸದ್ದಿನ ಟೇಪು ಹಾಕಿ ಮಾತಾಡುತ್ತಿದ್ದರಂತೆ. 1975ರಲ್ಲಿ ಲಿಂಗ ತಾರತಮ್ಯ ನಿಷೇಧ ಕಾಯ್ದೆ ಬಂತು ನೋಡಿ, ಹೆಂಗಸರಿಗೇ ಕೆಲಸ ಅನ್ನುವ ಅವರ ನೀತಿ ಕಾನೂನುಬಾಹಿರವಾಯಿತು.

ನಮ್ಮ ಕಡೆ ಪ್ರಕೃತಿ ಮಾತೆ ಬೇರೆಯೇ ರಾಗ ಹಾಡುತ್ತಾಳೆ. ಸಿಇಟಿ ಕೌನ್ಸೆಲಿಂಗಿನ ದಿನ ಅಪ್ಪಂದಿರು ಹೇಳುವುದು ಕೇಳಿ: "ಮೆಕ್ಯಾನಿಕಲ್ ಬೇಡಮ್ಮ, ಗ್ರೀಸು, ಬಿಸಿಲು. ಕಂಪ್ಯೂಟರ್ ಸೈನ್ಸ್ ತಗೋ, ಎ.ಸಿ. ರೂಮು, ಕ್ಯಾಬು." ಹಾಗಾಗಿ ಬೋಸ್ಟನ್ನಿನ ಹುಡುಗಿಯ ತಲೆಗೆ ಹತ್ತದ ವಿದ್ಯೆ ಬಸವನಗುಡಿಯ ಹುಡುಗಿಗೆ ನೀರು ಕುಡಿದಷ್ಟು ಸುಲಭ. ಪ್ರಮೋಷನ್ ಲಿಸ್ಟ್ ಬರುವವರೆಗೆ. ಇನ್ನು ತೀರಾ ಎತ್ತರಕ್ಕೆ ಹೋದವರನ್ನು ನಾವು ಪವಾಡ ಅಂದುಬಿಡುತ್ತೇವೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮಾನವ ಕಂಪ್ಯೂಟರ್ ಅಂತ ಕೈ ಮುಗಿದೆವು. ಪವಾಡ ಅಂದರೆ ಅನುಕೂಲವಿದೆ, ಇಂಕ್ರಿಮೆಂಟ್ ಕೊಡಬೇಕಾಗಿಲ್ಲ.

ಮದುವೆಯಲ್ಲಿ ನಮ್ಮ ಎದುರು ಸಾಲಿನಲ್ಲಿ ಷಡ್ಡಕರ ಹೆಂಡತಿ, ನನ್ನ ಅತ್ತಿಗೆ, ಕೂತಿದ್ದರು. ಗಂಡ ಹೆಂಡತಿ ಇಬ್ಬರೂ ಒಂದೇ ಕಾಲೇಜು, ಒಂದೇ ಬ್ಯಾಚು. 1999ರಲ್ಲಿ ವೈ2ಕೆ ಗಲಾಟೆಯಲ್ಲಿ ಹಗಲೂ ರಾತ್ರಿ ಕೋಬಾಲ್ ರಿಪೇರಿ ಮಾಡಿದವರು ಅತ್ತಿಗೆ. ಆ ಕೋಬಾಲ್ ಭಾಷೆಗೆ ತಳಹದಿ ಹಾಪರ್ ಅವರ ಫ್ಲೋಮ್ಯಾಟಿಕ್. ಕೋಬಾಲಿನ ಸ್ವರೂಪ ಬರೆದ ಆರು ಜನರಲ್ಲಿ ಇಬ್ಬರು ಹೆಂಗಸರು. ಆ ರಿಪೇರಿ ಕೆಲಸದಿಂದಲೇ ಬೆಂಗಳೂರಿನ ಎಷ್ಟೋ ಕಂಪನಿಗಳು ಕಾಲೂರಿದವು. ಷಡ್ಡಕರಿಗೆ ಆನ್‌ಸೈಟ್ ಬಂದಾಗ ಅತ್ತಿಗೆ ರಾಜೀನಾಮೆ ಕೊಟ್ಟರು. "ಭಾವ, ಕಾಲೇಜಿನಲ್ಲಿ ನಿಮ್ಮ ಲ್ಯಾಬ್ ಪ್ರೋಗ್ರಾಮು ಯಾರು ಬರೀತಿದ್ರು?" ಅಂತ ಕೇಳಿದೆ. ಷಡ್ಡಕರು ಪಾಯಸ ಕೇಳಿದರು.

ಊಟ ಮುಗಿಯುವ ಹೊತ್ತಿಗೆ ಭಟ್ಟರು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಪಂಕ್ತಿಗೆ ಬಂದರು. ಎಲ್ಲರೂ ಶಹಭಾಸ್ ಅಂದರು, ಷಡ್ಡಕರು ಎದ್ದು ಕೈ ಕುಲುಕಿದರು. ನಾನು ಕೈ ತೊಳೆಯಲು ಹಿಂದುಗಡೆ ಹೋದೆ. ಅಡುಗೆಕೋಣೆಯ ಬಾಗಿಲಲ್ಲಿ ನಾಲ್ವರು ಹೆಂಗಸರು ಈಳಿಗೆಮಣೆ ತೊಳೆಯುತ್ತಿದ್ದರು. ಬೆಳಗಿನ ಜಾವ ಮೂರಕ್ಕೆ ಬಂದು ಇಡೀ ತರಕಾರಿ ಹೆಚ್ಚಿ, ಕಾಯಿ ತುರಿದವರು. "ಊಟ ಆಯ್ತೇನಮ್ಮ?" ಅಂದೆ. "ಕೊನೇ ಪಂಕ್ತಿ ಏಳಲಿ ಸ್ವಾಮಿ, ಆಮೇಲೆ," ಅಂದರು.