ಮೇಲೆ ಥಳುಕು, ಒಳಗೆ ಲೋಕಲ್ಲು

ಗೇಮಿಂಗ್ ಕಂಪ್ಯೂಟರಿನ ಮೊದಲ ಬಿಡಿಭಾಗ ಸುಳ್ಳು. ಅದಕ್ಕೆ ಜಿಎಸ್‌ಟಿ ಇಲ್ಲ, ಅದರ ಸ್ಟಾಕ್ ಮುಗಿಯುವುದಿಲ್ಲ, ಯಾವ ಮದರ್‌ಬೋರ್ಡಿಗಾದರೂ ಕೂರುತ್ತದೆ. ಶಿವಮೊಗ್ಗದ ವಿನೋಬನಗರವಾಗಲಿ, ಭದ್ರಾವತಿಯ ನ್ಯೂಟೌನ್ ಆಗಲಿ, ರಾತ್ರಿ ಊಟಕ್ಕೆ ಕೂತಾಗ ಮಗ ಅದನ್ನು ಮೆಲ್ಲಗೆ ಅಪ್ಪನ ಮುಂದಿಡುತ್ತಾನೆ: "ಅಪ್ಪಾಜಿ, ಪ್ರಾಜೆಕ್ಟಿಗೆ ಒಂದು ಸಿಸ್ಟಮ್ ಬೇಕಿತ್ತು."

"ಕಾಲೇಜಲ್ಲಿ ಲ್ಯಾಬ್ ಇಲ್ವೇನೋ?"

"ಅಲ್ಲಿಯದರಲ್ಲಿ ಆಟೋಕ್ಯಾಡ್ ಓಡಲ್ಲ."

ಆಟೋಕ್ಯಾಡ್ ಓಡಿಸುವುದಕ್ಕೆ ಏಳು ಬಣ್ಣದಲ್ಲಿ ಉರಿಯುವ ಫ್ಯಾನು ಯಾಕೆ ಎಂದು ಅಪ್ಪ ಕೇಳುವುದಿಲ್ಲ. ಅವರ ಅನುಮಾನವೇ ಬೇರೆ. "ಗೇಮೆಲ್ಲ ಬ್ಯಾನ್ ಆಯ್ತಂತಲ್ಲೋ?" 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸಿಗೆ ಮಾನ್ಯತೆ ಕೊಟ್ಟಿತು. ಮೊದಲ ಅರ್ಧವನ್ನು ಅಪ್ಪ ಓದಿದ್ದಾರೆ, ಉಳಿದರ್ಧವನ್ನು ಮಗ ಓದಿದ್ದಾನೆ. ಕಾನೂನನ್ನು ಹೀಗೆ ಪಾಲು ಮಾಡಿಕೊಂಡು ಓದುವುದರಿಂದಲೇ ನಮ್ಮ ಮನೆಗಳಲ್ಲಿ ಪ್ರಜಾಪ್ರಭುತ್ವ ಉಳಿದಿದೆ. ತೀರ್ಪು ಮಾತ್ರ ಅಮ್ಮನದು: "ಲ್ಯಾಪ್‌ಟಾಪ್ ಆದ್ರೆ ಎತ್ಕೊಂಡು ಎಲ್ಲೆಲ್ಲೋ ಹೋಗ್ತಾನೆ. ಇದಾದ್ರೆ ಮನೇಲೇ ಬಿದ್ದಿರ್ತಾನೆ, ಕೊಡಿಸಿ ಅತ್ಲಾಗೆ." 50,000 ರೂಪಾಯಿ ಮಂಜೂರು.

ಮಂಜೂರಾದ ಮರುಗಳಿಗೆಯೇ ತಜ್ಞರ ಸಮಿತಿ ರಚನೆಯಾಗುತ್ತದೆ. ಅದರಲ್ಲಿ ಪಕ್ಕದ ಬೀದಿಯ ಗೆಳೆಯನಿದ್ದಾನೆ, ಅವನ ಕಂಪ್ಯೂಟರನ್ನು ಅವನ ಮಾವನ ಮಗ ಜೋಡಿಸಿಕೊಟ್ಟಿದ್ದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವ ಇದ್ದಾರೆ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನ ಚಾರ್ಜರ್ ಬಿಟ್ಟು ಬೇರೆ ಹಾರ್ಡ್‌ವೇರನ್ನು ಅವರು ಮುಟ್ಟಿಲ್ಲ, ಆದರೆ ಹಬ್ಬಕ್ಕೆ ಬಂದಾಗ ನೆಂಟರಿಷ್ಟರ ಪ್ರಿಂಟರುಗಳೆಲ್ಲ ಅವರ ಮುಂದೆ ಸಾಲಾಗಿ ನಿಲ್ಲುತ್ತವೆ. ಇನ್ನು ಯೂಟ್ಯೂಬಿನ ಪಂಡಿತರು ಅಧ್ಯಕ್ಷ ಸ್ಥಾನದಲ್ಲಿ. ಇಷ್ಟು ಜನ ಸೇರಿ ಪಾಸು ಮಾಡುವ ಮೊದಲ ನಿರ್ಣಯ ಪ್ರೊಸೆಸರಿನದಲ್ಲ, ಗ್ರಾಫಿಕ್ ಕಾರ್ಡಿನದೂ ಅಲ್ಲ. ಕ್ಯಾಬಿನೆಟ್ಟಿನದು. ಒಂದು ಮಗ್ಗುಲಿಗೆ ಗಾಜು ಇರಬೇಕು, ಮುಂದೆ ಮೂರು, ಹಿಂದೆ ಒಂದು ಫ್ಯಾನು ಮಿಣಮಿಣ ಎನ್ನಬೇಕು. "ಲೈಟ್ ಇಲ್ಲ ಅಂದ್ರೆ ಪಿಸಿ ಅಂತ ಯಾರು ಕರೀತಾರೆ ಮಗಾ?"

ಪಾಸಾದ ನಿರ್ಣಯ ಹೊತ್ತು ಹುಡುಗ ನೆಹರು ರಸ್ತೆ, ದುರ್ಗಿಗುಡಿಯ ಆಸುಪಾಸಿನ ಯಾವುದೋ ಮಹಡಿ ಹತ್ತುತ್ತಾನೆ. ಅಂಗಡಿಯವನು ಅವನ ಮುಖ ನೋಡಿ ಬಜೆಟ್ಟನ್ನೂ, ಜೊತೆಯಲ್ಲಿ ಬಂದ ಅಪ್ಪನ ಮುಖ ನೋಡಿ ಜ್ಞಾನವನ್ನೂ ಅಳೆದು ಮುಗಿಸಿರುತ್ತಾನೆ. ಅವನು ಮಾತಾಡುವುದು ಅಪ್ಪನ ಹತ್ತಿರ. "ಐ ಸೆವೆನ್ ಸಾರ್! ಹದಿನಾರು ಜಿಬಿ ರ‍್ಯಾಮು, ನಾಲ್ಕು ಜಿಬಿ ಗ್ರಾಫಿಕ್ಸು. ಹತ್ತು ವರ್ಷ ತಿರುಗಿ ನೋಡೋದು ಬೇಡ." ಮೂರು ಐದಕ್ಕಿಂತ ಕಡಿಮೆ, ಐದು ಏಳಕ್ಕಿಂತ ಕಡಿಮೆ ಎನ್ನುವ ಲೆಕ್ಕ ಅಪ್ಪನಿಗೂ ಬರುತ್ತದೆ. ಅವರು ತಲೆಯಾಡಿಸುತ್ತಾರೆ.

ಮದುವೆ ಮಾತಿಗೆ ಹೋದಲ್ಲಿ ಏಳು ತಲೆಮಾರು ಕೆದಕುವ ನಾವು ಪ್ರೊಸೆಸರಿನದು ಎಷ್ಟನೇ ತಲೆಮಾರು ಎಂದು ಒಮ್ಮೆಯೂ ಕೇಳುವುದಿಲ್ಲ. ಆ ಐ7 ಮೂರನೇ ಜನರೇಷನ್ನಿನದು, ಇಂಟೆಲ್ ಅದನ್ನು ಬಿಟ್ಟಿದ್ದು 2012ರಲ್ಲಿ. ಯಾವುದೋ ಕಚೇರಿಯಲ್ಲಿ ಎಕ್ಸೆಲ್ ಶೀಟು ಹೊತ್ತು ಸವೆದು ಹೊರಬಿದ್ದದ್ದನ್ನು ಹೆಸರಿಲ್ಲದ ಹೊಸ ಎಚ್61 ಬೋರ್ಡಿನ ಮೇಲೆ ಕೂರಿಸಿ ಪೆಟ್ಟಿಗೆಗೆ ಸ್ಟಿಕ್ಕರ್ ಹಚ್ಚಿರುತ್ತಾರೆ. ಅದಕ್ಕೆ ನಾಲ್ಕು ಕೋರು, ಎಂಟು ಥ್ರೆಡ್ಡು. 2022ರಲ್ಲಿ ಬಂದ ಐ3-12100ಎಫ್‌ಗೂ ಅಷ್ಟೇ ಕೋರು, ಅಷ್ಟೇ ಥ್ರೆಡ್ಡು, ಕೆಲಸ ಮಾತ್ರ ಎಷ್ಟೋ ಚುರುಕು. ಆದರೆ ಐ3 ಎಂದು ಊರಲ್ಲಿ ಹೇಳಿಕೊಂಡು ತಿರುಗುವುದು ಹೇಗೆ?

ನಿಜವಾದ ಮಜಾ ಮನೆಗೆ ಬಂದ ಮೇಲೆ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ಜನರೇಷನ್ನಿನಿಂದ ಈಚೆಗಿನದನ್ನು, ಅದರ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಕೇಳುತ್ತದೆ. ಅಂಗಡಿಯವನು ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ, "ಓಎಸ್ ಫ್ರೀ ಸಾರ್" ಎಂದು ಕಳಿಸಿಕೊಟ್ಟಿರುತ್ತಾನೆ. ಹುಡುಗ ವ್ಯಾಲೊರಂಟ್ ಇಳಿಸಿಕೊಂಡು ಕೂತರೆ ಅದರ ಕಾವಲುಗಾರ ವ್ಯಾನ್‌ಗಾರ್ಡ್ ಬಾಗಿಲಲ್ಲೇ ತಡೆಯುತ್ತಾನೆ, ವಿಂಡೋಸ್ 11 ಆದರೆ ಟಿಪಿಎಂ ತೋರಿಸು ಎನ್ನುತ್ತಾನೆ. ಪುಕ್ಕಟೆ ಆಟ ಆಡುವುದಕ್ಕೆ ಐವತ್ತು ಸಾವಿರ ಸುರಿದು, ಪುಕ್ಕಟೆ ಓಎಸ್ಸಿನ ದೆಸೆಯಿಂದ ಆಚೆ ನಿಲ್ಲುವ ಯೋಗ ಎಲ್ಲರಿಗೂ ಬರುವುದಿಲ್ಲ.

ನಾಲ್ಕು ಜಿಬಿ ಗ್ರಾಫಿಕ್ ಕಾರ್ಡಿನ ಕಥೆ ಇನ್ನೂ ಸ್ವಾರಸ್ಯ. ಅಂಗಡಿಯವನು ಕೊಟ್ಟ ಜಿಟಿ 730 ಎಂಬುದು 2014ರ ಕಾರ್ಡು. ಡಿಡಿಆರ್3 ಮೆಮೊರಿಯ ಈ ಕಾರ್ಡು ನಾಲ್ಕು ಜಿಬಿಯಲ್ಲೂ ಸಿಗುತ್ತದೆ. ಜಿಟಿಎಕ್ಸ್ 1650ರಲ್ಲೂ ನಾಲ್ಕೇ ಜಿಬಿ. ಎರಡನೆಯದರ ಮೆಮೊರಿ ಸೆಕೆಂಡಿಗೆ 128 ಜಿಬಿ ಸಾಗಿಸಿದರೆ ಮೊದಲನೆಯದು 30ನ್ನೂ ಮುಟ್ಟುವುದಿಲ್ಲ. ಗೋದಾಮು ಒಂದೇ ಅಳತೆ, ಬಾಗಿಲು ಮಾತ್ರ ಕಿಂಡಿಯಷ್ಟು. ದೊಡ್ಡ ಕಂಪನಿಗಳೂ ಈ ವಿದ್ಯೆಯಲ್ಲಿ ನಮ್ಮ ಅಂಗಡಿಯವನಿಗೆ ಸೋತಿಲ್ಲ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯ ಕಾರ್ಡಿಗೆ 2,560 ಕೋರು ಕೊಟ್ಟು, 6 ಜಿಬಿಯದಕ್ಕೆ 2,304 ಕೋರು ಕೊಟ್ಟು, ಮೆಮೊರಿಯ ದಾರಿಯನ್ನೂ 128 ಬಿಟ್‌ನಿಂದ 96ಕ್ಕೆ ಕಿರಿದು ಮಾಡಿದ್ದಾರೆ. ಕೊಳ್ಳುವವನು ಎರಡು ಜಿಬಿ ಕಮ್ಮಿಯಾಯಿತು, ಅಷ್ಟೇ ತಾನೆ ಎಂದುಕೊಳ್ಳುತ್ತಾನೆ.

ಪ್ರೊಸೆಸರಿನ ಹೆಸರಿನ ತುದಿಯಲ್ಲಿ ಕೂತ 'ಎಫ್' ಅಕ್ಷರವನ್ನು ಗಮನಿಸದೆ ತಂದವರ ಪಾಡೂ ಕೇಳಬೇಕು. ಎಫ್ ಎಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. "ಕಾರ್ಡ್ ದಸರಾಕ್ಕೆ ತಗೊಂಡ್ರಾಯ್ತು" ಎಂದುಕೊಂಡವನು ದಸರಾದವರೆಗೆ ಕಪ್ಪು ಪರದೆ ನೋಡಿಕೊಂಡು ಕೂರಬೇಕು. ಅದರ ಬದಲು ರೈಜನ್ 5 5600ಜಿಯಂಥ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತಂದರೆ ವ್ಯಾಲೊರಂಟ್ ಮೊದಲ ದಿನವೇ ಓಡುತ್ತದೆ, ಕಾರ್ಡನ್ನು ದುಡ್ಡು ಕೂಡಿದಾಗ ಸೇರಿಸಬಹುದು. ಆದರೆ ಕಾರ್ಡಿಲ್ಲದ ಗಾಜಿನ ಕ್ಯಾಬಿನೆಟ್ಟಿನ ಫೋಟೋ ಸ್ಟೇಟಸ್ಸಿಗೆ ಹಾಕುವುದು ಹೇಗೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ತಿಳಿದವರು ಎನಿಸಿಕೊಂಡವರು ತಾಳಗುಪ್ಪದಿಂದ ಬರುವ ರಾತ್ರಿ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗುತ್ತಾರೆ. ಅಲ್ಲಿ ಎಲ್ಲ ಸಿಗುತ್ತದೆ, ಸಿಕ್ಕಿದ್ದು ಏನು ಎಂಬುದು ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಗೊತ್ತಾಗುತ್ತದೆ. ಎಲ್ಲ ಕಡೆಯೂ ಕೊನೆಗೆ ಬರುವ ಪ್ರಶ್ನೆ ಒಂದೇ: "ಬಿಲ್ ಬೇಕಾ ಸಾರ್, ಬೇಡ್ವಾ? ಬೇಕು ಅಂದ್ರೆ ಹದಿನೆಂಟು ಪರ್ಸೆಂಟ್ ಮೇಲೆ ಬೀಳುತ್ತೆ." ಐವತ್ತು ಸಾವಿರಕ್ಕೆ ಒಂಬತ್ತು ಸಾವಿರ. ಅಪ್ಪ ಜೀವನದಲ್ಲಿ ಮೊದಲ ಬಾರಿ ಕಂಪ್ಯೂಟರಿನ ವಿಷಯದಲ್ಲಿ ಖಚಿತವಾಗಿ ಮಾತಾಡುತ್ತಾರೆ: "ಬೇಡ." ಆ ಒಂದು ಪದದ ಜೊತೆ ಮೂರು ವರ್ಷದ ವಾರಂಟಿ ಮೆಟ್ಟಿಲಿಳಿದು ಹೋಗುತ್ತದೆ.

ಇಷ್ಟರ ಮೇಲೆ 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಏರಿತು. ಎಐ ಕೇಂದ್ರಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡವು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯವಹಾರವನ್ನೇ ಮುಚ್ಚುವುದಾಗಿ ಘೋಷಿಸಿತು. ಎಐ ಬಂದು ಕೆಲಸ ಕಸಿಯುತ್ತದೆ ಎಂದು ಹೆದರಿದ್ದ ಹುಡುಗನಿಂದ ಅದು ಮೊದಲು ಕಸಿದದ್ದು ರ‍್ಯಾಮನ್ನು.

ಹೀಗೆ ಗಾಜಿಗೆ, ಲೈಟಿಗೆ, ಸ್ಟಿಕ್ಕರಿಗೆ, ರ‍್ಯಾಮಿಗೆ ಹಂಚಿ ಹಂಚಿ ಉಳಿದ ಪುಡಿಗಾಸಿನಲ್ಲಿ ಬರುವುದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು ಹದ ಮಾಡಿ 12 ವೋಲ್ಟು, 5 ವೋಲ್ಟಾಗಿ ಒಳಗಿನ ಅಷ್ಟೂ ಭಾಗಗಳಿಗೆ ಉಣಿಸುವುದು ಇದೇ. ಆದರೆ ಕ್ಯಾಬಿನೆಟ್ಟಿನ ಒಂದು ಮೂಲೆಯಲ್ಲಿ, ತಗಡಿನ ಮರೆಯಲ್ಲಿ ಇರುವುದರಿಂದ ಫೋಟೋದಲ್ಲಿ ಬರುವುದಿಲ್ಲ. ಫೋಟೋದಲ್ಲಿ ಬಾರದ್ದಕ್ಕೆ ಯಾರು ದುಡ್ಡು ಹಾಕುತ್ತಾರೆ? "ಎಸ್‌ಎಂಪಿಎಸ್ ಲೋಕಲ್ ಇರ್ಲಿ ಸಾರ್, ಐನೂರು ವ್ಯಾಟ್ ಇದೆ, ಏನೂ ಆಗಲ್ಲ." ಐನೂರು ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಕ್ಕೆ ಬೇಕಾಗಿರುವುದು ಶಾಯಿ ಒಂದೇ.

ಕಬ್ಬಿಣದ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಬೆವರು ಸುರಿಸಿ ನಿವೃತ್ತರಾದ ದೊಡ್ಡಪ್ಪಂದಿರು ಭದ್ರಾವತಿಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಅವರಿಗೆ ಐ7 ಗೊತ್ತಿಲ್ಲ, ಆರ್‌ಜಿಬಿ ಲೈಟು ಗೊತ್ತಿಲ್ಲ, ಆದ್ದರಿಂದ ತಜ್ಞರ ಸಮಿತಿಗೆ ಕರೆದಿರುವುದಿಲ್ಲ. ಅಂಥ ದೊಡ್ಡಪ್ಪ ಬಂದು ಲೋಕಲ್ ಎಸ್‌ಎಂಪಿಎಸ್ಸನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಾರೆ. "ಹಗುರ ಇದೆಯಲ್ಲೋ, ಒಳಗೆ ತಾಮ್ರ ಎಲ್ಲಿದೆ?" ಆಮೇಲೆ ಬಗ್ಗಿ ಗೋಡೆಯ ಪ್ಲಗ್ಗನ್ನು ನೋಡುತ್ತಾರೆ. ಮೂರು ಪಿನ್ನಿನ ವೈರು ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಜೋತುಬಿದ್ದಿದೆ. "ಅರ್ಥಿಂಗ್ ಎಲ್ಲಯ್ಯಾ?" ಐವತ್ತು ಸಾವಿರದ ವ್ಯವಹಾರದಲ್ಲಿ ಕೇಳಿಬಂದ ಮೊದಲ ಸರಿಯಾದ ಪ್ರಶ್ನೆ ಅದು. ಹುಡುಗ ಹೆಡ್‌ಫೋನ್ ಹಾಕಿಕೊಂಡಿರುತ್ತಾನೆ.

ದೊಡ್ಡಪ್ಪನ ಲೆಕ್ಕ ಕಷ್ಟದ್ದಲ್ಲ. ಬಜೆಟ್ ಕಂಪ್ಯೂಟರಿನ ಪ್ರೊಸೆಸರು, ಆರ್‌ಎಕ್ಸ್ 6600ರಂಥ 132 ವ್ಯಾಟಿನ ಕಾರ್ಡು, ಉಳಿದದ್ದು ಎಲ್ಲ ಸೇರಿದರೂ 300 ವ್ಯಾಟಿನೊಳಗೆ ಮುಗಿಯುತ್ತದೆ. ನೆಟ್ಟಗಿರುವ ಕಂಪನಿಯ, 80 ಪ್ಲಸ್ ಪ್ರಮಾಣಪತ್ರದ 450 ವ್ಯಾಟಿನದು ಧಾರಾಳ ಸಾಕು. ಅದು ಕೆಟ್ಟರೂ ಒಂಟಿಯಾಗಿ ಕೆಡುತ್ತದೆ. ಲೋಕಲ್ಲು ಹೋಗುವಾಗ ಬೋರ್ಡು, ಕಾರ್ಡುಗಳನ್ನೂ ಕೈಹಿಡಿದು ಕರೆದೊಯ್ಯಬಹುದು. ಕರೆಂಟು ಹೋದಾಗಿನ ಲೆಕ್ಕವೂ ಇದೆ: 600 ವಿಎ ಎಂದು ಬರೆದ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟು, ಆರುನೂರಲ್ಲ. ನಮ್ಮ ಕಡೆ ಇದನ್ನು ಲೆಕ್ಕ ಹಾಕಲೇಬೇಕು. 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರವನ್ನು ಜಿಲ್ಲೆಯೊಳಗೇ ಇಟ್ಟುಕೊಂಡು, ಮುಂಗಾರಿಗೆ ಮುಂಚಿನ ಮೊದಲ ಗುಡುಗಿಗೇ ಮೊಂಬತ್ತಿ ಹುಡುಕುವವರು ನಾವು. ದೀಪದ ಬುಡ ಕತ್ತಲು ಎಂದರೆ ಮೆಸ್ಕಾಂನವರು ಬೇಜಾರು ಮಾಡಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿ ಹುಡುಗನನ್ನೇ ಬೈಯುವುದು ಅನ್ಯಾಯ. ಕಾಣುವುದಕ್ಕೆ ದುಡ್ಡು, ಉಣಿಸುವುದಕ್ಕೆ ಚಿಲ್ಲರೆ ಎಂಬ ಶಾಸ್ತ್ರವನ್ನು ಅವನು ಯೂಟ್ಯೂಬಿನಲ್ಲಿ ಕಲಿತದ್ದಲ್ಲ, ಊರಿನಲ್ಲೇ ಕಲಿತದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ಕಬ್ಬಿಣ ಹರಿದದ್ದು 1923ರಲ್ಲಿ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಅದು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು, ಸ್ವಂತ ಅದಿರಿನ ಗಣಿ ಇಲ್ಲದೆ ಸೊರಗುತ್ತಲೇ ಇತ್ತು. ಕುಲುಮೆಗೆ ಉಣಿಸುವ ಗಣಿ ಫೋಟೋದಲ್ಲಿ ಬರುವ ವಸ್ತುವಲ್ಲ. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಪ್ರಾಧಿಕಾರವು ಕಾರ್ಖಾನೆ ಮುಚ್ಚುವ ತೀರ್ಮಾನ ಕೊಟ್ಟಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಫೆಬ್ರುವರಿ 27ಕ್ಕೆ, ಅಲ್ಲಿಗೆ ಕೂಗಳತೆಯ ಸೋಗಾನೆಯಲ್ಲಿ, ಸುಮಾರು 450 ಕೋಟಿ ರೂಪಾಯಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಕಮಲದ ಆಕಾರದ ಟರ್ಮಿನಲ್ಲು, ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ವಿಮಾನ ಬೇಡ ಎಂದವರು ಯಾರೂ ಇಲ್ಲ. ಗಾಜಿನ ಕ್ಯಾಬಿನೆಟ್ಟೂ ಕೆಟ್ಟದ್ದೇನಲ್ಲ.

ಹುಡುಗ ಒಮ್ಮೆ ಹೊಗೆ ನೋಡಿದ ಮೇಲೆ ಬುದ್ಧಿ ಕಲಿಯುತ್ತಾನೆ. ಮುಂದಿನ ಸಲ ಎಸ್‌ಎಂಪಿಎಸ್ಸಿನಿಂದಲೇ ಪಟ್ಟಿ ಶುರು ಮಾಡುತ್ತಾನೆ, ಒಂಬತ್ತು ಸಾವಿರ ಹೋದರೂ ಬಿಲ್ ಕೇಳಿ ಪಡೆಯುತ್ತಾನೆ. ಭದ್ರಾವತಿಯ ಕಷ್ಟ ಬೇರೆ. 2023ರಲ್ಲಿ ಬಾರ್ ಮಿಲ್ಲನ್ನು ಮತ್ತೆ ಓಡಿಸಿದರು, 2024ರಲ್ಲಿ ಉಕ್ಕು ಸಚಿವರು ಬಂದು ಪುನಶ್ಚೇತನದ ಮಾತಾಡಿ ಹೋದರು, ಚುನಾವಣೆ ಬಂದಾಗಲೆಲ್ಲ ಕಾರ್ಖಾನೆ ಉಳಿಸುವವರು ಎಲ್ಲ ಪಕ್ಷಗಳಿಂದಲೂ ಬಂದರು. ಎಲ್ಲರೂ ಗ್ಯಾರಂಟಿ ಕೊಟ್ಟರು, ಬಾಯಲ್ಲಿ. ಊರಿನ ಜನ ಭರವಸೆಯನ್ನು ಬಿಲ್ ಇಲ್ಲದೆ ಕೊಂಡರು. ಈಗ ಕೌಂಟರಿನ ಮುಂದೆ ನಿಂತರೆ ಒಳಗಿನಿಂದ ಬರುವ ಮಾತು ಎಲ್ಲ ಗಿರಾಕಿಗಳಿಗೂ ಬರುವಂಥದ್ದೇ: "ಆ ಮಾಲು ನಮ್ಮ ಅಂಗಡೀದಲ್ಲ ಸಾರ್."