ಓವನಮ್ಮ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಸೀರೆ ವ್ಯಾಪಾರದ ಆಂಟಿ ಒಬ್ಬರು, ಟ್ಯೂಷನ್ ಮೇಷ್ಟ್ರು ಒಬ್ಬರು, ಚೀಟಿ ನಡೆಸಿ ಈಗ ಫೋನ್ ಎತ್ತದವರು ಒಬ್ಬರು ಇದ್ದೇ ಇರುತ್ತಾರೆ. 2020ರಿಂದೀಚೆಗೆ ಆ ಪಟ್ಟಿಗೆ ಇನ್ನೊಬ್ಬರು ಸೇರಿದ್ದಾರೆ. ಮನೆಯಲ್ಲೇ ಕುಕ್ಕೀಸ್ ಮಾಡಿ ಕೊಡುವವರು. ಬಸವನಗುಡಿ ಕಡೆಯ ನಮ್ಮ ಬ್ಲಾಕಿನಲ್ಲಿ ಅವರನ್ನು ಎದುರಿಗೆ ಆಂಟಿ ಅನ್ನುತ್ತೇವೆ, ಬೆನ್ನ ಹಿಂದೆ ಓವನಮ್ಮ ಅನ್ನುತ್ತೇವೆ. ಊರಿಗೊಬ್ಬಳು ಅಣ್ಣಮ್ಮ, ಬೀದಿಗೊಬ್ಬಳು ಮಾರಮ್ಮ ಇರುವಾಗ ಬ್ಲಾಕಿಗೊಬ್ಬರು ಓವನಮ್ಮ ಇದ್ದರೆ ತಪ್ಪೇನು? ಕಷ್ಟ ಹೇಳಿಕೊಂಡು ಹೋದವರು ಆ ಬಾಗಿಲಿನಿಂದಲೂ ಬರಿಗೈಲಿ ವಾಪಸ್ ಬಂದದ್ದಿಲ್ಲ.

ಆ ಓವನ್ನು ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಮಗಳು ಕೊಡಿಸಿದ್ದು. ಬಹುಕಾಲ ಅದು ಕ್ರೋಷಾ ಬಟ್ಟೆ ಹೊದ್ದು, ತಲೆಯ ಮೇಲೆ ಪ್ಲಾಸ್ಟಿಕ್ ಹೂದಾನಿ ಹೊತ್ತು, ಹೊಟ್ಟೆಯೊಳಗೆ ಹಳೇ ಕರೆಂಟ್ ಬಿಲ್ಲುಗಳನ್ನು ಇಟ್ಟುಕೊಂಡು ಹಾಲಿನಲ್ಲಿ ಕೂತಿತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬಿಲ್ಲುಗಳು ಹೊರಗೆ ಬಂದವು, ಬಿಸ್ಕತ್ತು ಒಳಗೆ ಹೋಯಿತು.

ಮೊದಮೊದಲು ಬೆಣ್ಣೆ ಬಿಸ್ಕತ್ತು ಒಂದೇ. ಮೈದಾ, ಬೆಣ್ಣೆ, ಸಕ್ಕರೆ, ಚಿಟಿಕೆ ಉಪ್ಪು. ಆ ಕಾಲವನ್ನು ಅವರು ಈಗ ತಮ್ಮ ಅಜ್ಞಾನದ ಕಾಲ ಎನ್ನುತ್ತಾರೆ. ಎಲ್ಲರ ಮನೆಗೂ ಒಂದೊಂದು ಡಬ್ಬಿ ಕಳಿಸಿದರೆ ಪ್ರತಿ ಮನೆಯಿಂದಲೂ ಖಾಲಿ ಡಬ್ಬಿಯ ಜೊತೆಗೆ ಒಂದು ‘ಆದರೆ’ ಬಂತು. ಚೆನ್ನಾಗಿದೆ, ಆದರೆ ನಮ್ಮೆಜಮಾನರಿಗೆ ಶುಗರ್ರು. ಚೆನ್ನಾಗಿದೆ, ಆದರೆ ನಾನು ಮೈದಾ ಬಿಟ್ಟಿದ್ದೀನಿ. ಚೆನ್ನಾಗಿದೆ, ಆದರೆ ಮಗಳು ಹಾಲು-ತುಪ್ಪ ಮುಟ್ಟಲ್ಲ. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಓವನ್ನಿಗೆ ಮತ್ತೆ ಕ್ರೋಷಾ ಬಟ್ಟೆ ಹೊದಿಸುತ್ತಿದ್ದರು. ಇವರು ಆ ‘ಆದರೆ’ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದಕ್ಕೆ ಒಂದೊಂದು ಬಣ್ಣದ ಡಬ್ಬಿ ಕೊಂಡರು. ಆಮೇಲೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಆಯಿತು. ಅದರ 14 ಅಂಕಿಗಳನ್ನು ಅವರು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾರೆ. ಗಂಡನ ಮೊಬೈಲ್ ನಂಬರ್ ಬರೀ 10 ಅಂಕಿ, ಅದು ಮಾತ್ರ ನೆನಪಿರುವುದಿಲ್ಲ.

ಅಂದಿನಿಂದ ಲಿಫ್ಟಿನಲ್ಲಿ ಸಿಕ್ಕವರನ್ನು ಅವರು ‘ಊಟ ಆಯ್ತಾ’ ಎಂದು ಕೇಳುವುದನ್ನು ಬಿಟ್ಟರು. ಅವರ ಪ್ರಶ್ನೆ ಒಂದೇ: “ನಿಮಗೆ ಏನೇನು ಆಗಲ್ಲ?”

ಜನ ಈ ಪ್ರಶ್ನೆಗೇ ಕಾದಿದ್ದವರ ಹಾಗೆ ಬಾಯಿ ಬಿಡುತ್ತಾರೆ. ನಾಲ್ಕನೇ ಮಹಡಿಗೆ ಬರುವಷ್ಟರಲ್ಲಿ ಥೈರಾಯ್ಡು, ಆಸಿಡಿಟಿ, ಸೊಸೆಯ ಕೀಟೋ, ಅತ್ತೆಯ ಶನಿವಾರ ಎಲ್ಲವೂ ಹೊರಗೆ ಬಿದ್ದಿರುತ್ತವೆ. ಹೀಗಾಗಿ ನಮ್ಮ ಬ್ಲಾಕಿನ ಆರೋಗ್ಯದ ಬಗ್ಗೆ ಎದುರುಗಡೆ ಕ್ಲಿನಿಕ್ಕಿನ ಡಾಕ್ಟರಿಗಿಂತಲೂ, ಆಚಾರದ ಬಗ್ಗೆ ಬರುವ ಪುರೋಹಿತರಿಗಿಂತಲೂ ಓವನಮ್ಮನಿಗೆ ಹೆಚ್ಚು ಗೊತ್ತು.

ರಿಟೈರಾದ ಬ್ಯಾಂಕ್ ಅಂಕಲ್ ಒಬ್ಬರಿದ್ದಾರೆ. ಸಕ್ಕರೆ ಕಾಯಿಲೆ ಬಂದಾಗಿನಿಂದ ಸಕ್ಕರೆಯ ಮೇಲೆ ಅವರಿಗೆ ಆಸೆ ಇನ್ನೂರು ಪಾಲು ಹೆಚ್ಚಾಗಿದೆ.

“ಸಕ್ಕರೆ ಬೇಡಮ್ಮ, ಬೆಲ್ಲ ಹಾಕಿ ಮಾಡಿಕೊಡು.”

“ಅಂಕಲ್, ಬೆಲ್ಲಾನೂ ಆ ಕಬ್ಬಿಂದಲೇ ಬರೋದು. ಬಣ್ಣ ಬೇರೆ ಅಂತ ಕಣ್ಣಿಗೆ ಗೊತ್ತಾಗತ್ತೆ, ರಕ್ತಕ್ಕೆ ಗೊತ್ತಾಗಲ್ಲ.”

“ಹಾಗಾದ್ರೆ ಜೇನುತುಪ್ಪ? ಖರ್ಜೂರ? ಅದೆಲ್ಲ ದೇವರು ಕೊಟ್ಟಿದ್ದಲ್ವೇ?”

“ಶುಗರ್ರೂ ಅವನೇ ಕೊಟ್ಟಿದ್ದು ಅಂಕಲ್.”

ಕೊನೆಗೆ ಹುರಿಗಡಲೆ ಹಿಟ್ಟು, ಓಟ್ಸು, ಏಲಕ್ಕಿ, ಹೆಸರಿಗಷ್ಟೇ ಸಿಹಿ ಇರುವ ಬಿಸ್ಕತ್ತು ತಯಾರಾಯಿತು. ದಿನಕ್ಕೆ ಎರಡು. ಡಬ್ಬಿ ಅಂಕಲ್ಲಿನ ಹೆಂಡತಿಯ ಸುಪರ್ದಿಯಲ್ಲಿ. ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ರಿಪೋರ್ಟು ಮೊದಲು ಓವನಮ್ಮನ ವಾಟ್ಸ್ಯಾಪಿಗೆ ಬರುತ್ತದೆ, ಆಮೇಲೆ ಡಾಕ್ಟರಿಗೆ ಹೋಗುತ್ತದೆ.

ಕೀಟೋ ಹುಡುಗನ ಕಥೆ ಬೇರೆ. ಅವನಿಗೆ ಹಿಟ್ಟೂ ಬೇಡ, ಸಕ್ಕರೆಯೂ ಬೇಡ, ಬಿಸ್ಕತ್ತು ಮಾತ್ರ ಬೇಕು. ಬಾದಾಮಿ ಪುಡಿ, ಬೆಣ್ಣೆ, ಎರಿಥ್ರಿಟಾಲ್ ಎಂಬ ಸಕ್ಕರೆಯ ಬದಲಿ ಹಾಕಿ ಮಾಡಿಕೊಟ್ಟರು. ಎರಿಥ್ರಿಟಾಲ್ ನಾಲಿಗೆಯ ಮೇಲೆ ಕರಗುವಾಗ ತಣ್ಣಗಾಗುವುದು ಅದರ ಗುಣ. ಹುಡುಗ ಕಚ್ಚಿ ನೋಡಿ, “ಆಂಟಿ, ಪೆಪ್ಪರ್‌ಮಿಂಟ್ ಹಾಕಿದ್ದೀರಾ?” ಎಂದ. “ಇಲ್ಲಪ್ಪ, ನಿನ್ನ ಆರು ತಿಂಗಳ ಜಿಮ್ ಫೀಸ್ ಹಾಕಿದ್ದೀನಿ” ಎಂದರು. ಬಾದಾಮಿಯ ರೇಟು ಗೊತ್ತಿದ್ದವರಿಗೆ ಇದು ತಮಾಷೆ ಅಲ್ಲ ಎಂದು ಗೊತ್ತು.

ವೀಗನ್ ಹುಡುಗಿಗೆ ಬೆಣ್ಣೆಯ ಜಾಗದಲ್ಲಿ ಕೊಬ್ಬರಿ ಎಣ್ಣೆ. ಮೊಟ್ಟೆಯ ಜಾಗದಲ್ಲಿ ಒಂದು ಚಮಚ ಅಗಸೆಬೀಜದ ಪುಡಿಗೆ ಮೂರು ಚಮಚ ನೀರು ಹಾಕಿ ನೆನೆಸಿದ ಲೋಳೆ. ತಲೆಗೆ ಹಚ್ಚುವ ಎಣ್ಣೆ ಡಿಸೆಂಬರಿನಲ್ಲಿ ಗಟ್ಟಿಯಾಗಿ ಬಾಟಲನ್ನು ಬಿಸಿಲಿಗಿಡುವ ಊರು ನಮ್ಮದು. ಆ ತಿಂಗಳಲ್ಲಿ ವೀಗನ್ ಕುಕ್ಕಿ ಹೇಳಿದ ಮಾತು ಕೇಳುತ್ತದೆ. ಏಪ್ರಿಲಿನಲ್ಲಿ ಎಣ್ಣೆ ನೀರಾಗಿ, ಟ್ರೇಯಲ್ಲಿ ಹನ್ನೆರಡು ಉಂಡೆ ಇಟ್ಟರೆ ಒಂದೇ ದೊಡ್ಡ ಹಪ್ಪಳ ಹೊರಗೆ ಬರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಹಿಟ್ಟನ್ನು ಮೊದಲು ಫ್ರಿಜ್ಜಿನಲ್ಲಿ ಕೂರಿಸಬೇಕು ಎಂಬುದು ಓವನಮ್ಮನ ನೋಟ್‌ಬುಕ್ಕಿನ ಶಾಸನ.

ಆ ಹುಡುಗಿಯ ಮಹಡಿಯಲ್ಲೇ ಜೈನರ ಮನೆ ಇದೆ. ಅವರಿಗೆ ಮೊಟ್ಟೆ ಇಲ್ಲ, ಜೇನು ಇಲ್ಲ, ಹಸಿಶುಂಠಿ ಇಲ್ಲ, ಒಣಶುಂಠಿ ನಡೆಯುತ್ತದೆ, ಹೊತ್ತು ಮುಳುಗಿದ ಮೇಲೆ ಏನೂ ನಡೆಯುವುದಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಧರ್ಮದ ಅಂಕಲ್ಲೂ, ಮೊನ್ನೆ ಮೊಬೈಲಿನಲ್ಲಿ ನೋಡಿ ವೀಗನ್ ಆದ ಹುಡುಗಿಯೂ ಜೇನುಹುಳದ ವಿಷಯದಲ್ಲಿ ಒಂದೇ ಮಾತಿನವರು ಎಂಬುದನ್ನು ಮೊದಲು ಕಂಡುಕೊಂಡದ್ದು ಓವನಮ್ಮನೇ. ಇಬ್ಬರಿಗೂ ಒಂದೇ ಬ್ಯಾಚು ಸಾಕು ಎಂದು ಸಂಭ್ರಮಪಟ್ಟರು. ಆದರೆ ಅಂಕಲ್ಲಿಗೆ ತುಪ್ಪ ಬೇಕು, ಹುಡುಗಿಗೆ ತುಪ್ಪ ಕೂಡದು. ಮತ್ತೆ ಎರಡು ಡಬ್ಬಿ.

ಎರಡನೇ ಮಹಡಿಯ ಮಾಧ್ವ ಅಜ್ಜಿಯ ಮುಂದೆ ಮಾತ್ರ ಅವರ ಆಟ ನಡೆಯಲಿಲ್ಲ. ರಾಜಗಿರಿ ಹಿಟ್ಟಿನಲ್ಲಿ ಏಕಾದಶಿ ಸ್ಪೆಷಲ್ ಕುಕ್ಕೀಸ್ ಮಾಡಿ ತೆಗೆದುಕೊಂಡು ಹೋದರು.

“ಏಕಾದಶಿ ದಿನ ತಿನ್ನೋ ಬಿಸ್ಕತ್ತೇ? ಏನೂ ತಿನ್ನದೇ ಇದ್ದರೆ ಅದು ಏಕಾದಶಿ ಕಣಮ್ಮ.”

“ದ್ವಾದಶಿ ಪಾರಣೆ ಆದ ಮೇಲೆ ತಿನ್ನಿ ಅಜ್ಜಿ.”

“ಆ ಪೆಟ್ಟಿಗೆಗೆ ಮಡಿ ಇದೆಯೇನು?”

“180 ಡಿಗ್ರಿ ಇದೆ ಅಜ್ಜಿ. ಅಷ್ಟು ಬಿಸೀಲಿ ಯಾವ ಮೈಲಿಗೆ ಉಳಿಯತ್ತೆ?”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಮೈಲಿಗೆ ಹೋಗಬಹುದು, ಮುಸುರೆ ಹೋಗಲ್ಲ” ಎಂದು ಬಾಗಿಲು ಮುಂದೆ ಮಾಡಿದರು. ಓವನಮ್ಮ ಸೋತು ಬಂದ ಏಕೈಕ ಮನೆ ಅದು.

ಮೊಟ್ಟೆ ಹಾಕದ ಬಿಸ್ಕತ್ತನ್ನು ತಾವೇ ಕಂಡುಹಿಡಿದವರ ಹಾಗೆ ಮಾತಾಡುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. “1898ರಲ್ಲೇ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ಅಯ್ಯಂಗಾರರು ಬೇಕರಿ ಇಟ್ಟರು. ಬೆಂಗಳೂರಿಗೆ ಎಗ್‌ಲೆಸ್ ಹೊಸದೇನ್ರೀ? ಖಾರಾ ಬಿಸ್ಕತ್ತಿಗೆ ಯಾರಾದರೂ ಆ ಹೆಸರಿಟ್ಟು ಐವತ್ತು ರೂಪಾಯಿ ಜಾಸ್ತಿ ಕೇಳಿದರಾ?” ಎನ್ನುತ್ತಾರೆ. ಅವರು ಮಾತ್ರ ಕೇಳುತ್ತಾರೆ. ಅದು ಸ್ಟಿಕರ್ ಖರ್ಚು.

ಈ ಎಲ್ಲ ಡಬ್ಬಿಗಳ ಹಿಂದೆ ಅವರದೇ ಒಂದು ಲೆಕ್ಕ ಇದೆ. ಜನರ ‘ಬೇಡ’ಗಳಲ್ಲಿ ಮೂರು ಜಾತಿ ಅಂತೆ: ವ್ರತ, ಷೋಕಿ, ಕಾಯಿಲೆ. ವ್ರತದವರಿಗೆ ತಿಂಗಳಿಗೆ ಎರಡು ದಿನ ಸಾಕು. ಷೋಕಿಯವರದು ಜನವರಿಯಲ್ಲಿ ಶುರುವಾಗಿ ಸಂಕ್ರಾಂತಿ ಎಳ್ಳುಬೆಲ್ಲಕ್ಕೆ ಮುಗಿಯುತ್ತದೆ, ಅವರಿಂದ ಅಡ್ವಾನ್ಸ್ ತೆಗೆದುಕೊಳ್ಳಬೇಕು. ಗ್ಲುಟೆನ್ ಬಿಟ್ಟಿದ್ದೇನೆ ಎಂದು ಹೇಳಿ ಹೋದವರು ಭಾನುವಾರ ಬೆಳಿಗ್ಗೆ ರವೆ ಇಡ್ಲಿ ತಿನ್ನುತ್ತಾ ಸಿಕ್ಕಿದರೆ ಓವನಮ್ಮ ನೋಡದವರಂತೆ ಪಕ್ಕದ ಟೇಬಲ್ಲಿಗೆ ಹೋಗಿ ಕೂರುತ್ತಾರೆ. ಗಿರಾಕಿಯ ಮಾನ ಕಾಪಾಡುವುದೂ ವ್ಯಾಪಾರವೇ.

ಕಾಯಿಲೆಯ ವಿಷಯಕ್ಕೆ ಬಂದರೆ ಮಾತ್ರ ಅವರ ಮುಖದ ತಮಾಷೆ ಇಳಿದುಹೋಗುತ್ತದೆ. ನಾಲ್ಕನೇ ಮಹಡಿಯ ಒಂದು ಮಗುವಿಗೆ ಕಡಲೇಕಾಯಿ ಆಗುವುದಿಲ್ಲ. ಕಾರ್ತಿಕದ ಕೊನೇ ಸೋಮವಾರ ಬೀದಿಗೆ ಬೀದಿಯೇ ಕಡಲೇಕಾಯಿ ಪರಿಷೆಯಾಗುವ ಬಸವನಗುಡಿಯಲ್ಲಿದ್ದುಕೊಂಡು ಆ ಮಗುವಿಗೆ ಒಂದು ಕಾಳು ಬಾಯಿಗೆ ಹೋದರೆ ಆಸ್ಪತ್ರೆ. ಅದು ಗೊತ್ತಾದ ದಿನ ಓವನಮ್ಮ ಮನೆಯಲ್ಲಿದ್ದ ಕಡಲೇಬೀಜ, ಕಡಲೇಕಾಯಿ ಎಣ್ಣೆ, ಚಟ್ನಿಪುಡಿ ಎಲ್ಲವನ್ನೂ ಕೆಲಸದವರಿಗೆ ಕೊಟ್ಟು ಡಬ್ಬಿ ತೊಳೆದಿಟ್ಟರು. ಅಂಗಡಿಯಿಂದ ಕೋಕೋ ಪುಡಿ ತಂದರೂ ಭೂತಗನ್ನಡಿ ಹಿಡಿದು ಹಿಂದಿನ ಸಣ್ಣಕ್ಷರವನ್ನೆಲ್ಲ ಓದುತ್ತಾರೆ. ‘ಕಡಲೇಕಾಯಿಯ ಅಂಶ ಇರಬಹುದು’ ಎಂದಿದ್ದರೆ ವಾಪಸ್. ಅಂದಿನಿಂದ ಅವರ ಯಜಮಾನರು ಬೀಜ ಇಲ್ಲದ ಚಿತ್ರಾನ್ನ, ಬೀಜ ಇಲ್ಲದ ಪುಳಿಯೋಗರೆ, ಬೀಜ ಇಲ್ಲದ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದಾರೆ. ಒಮ್ಮೆ ಗೊಣಗಿದ್ದಕ್ಕೆ, “ಆ ಮಗು ಬಿಸ್ಕತ್ತು ತಿನ್ನಬೇಕು, ನೀವು ಚಿತ್ರಾನ್ನ ತಿನ್ನಬೇಕು. ಯಾರು ದೊಡ್ಡೋರು ಅಂತ ನೀವೇ ಹೇಳಿ” ಎಂದರಂತೆ. ಆಮೇಲೆ ಅವರು ಗೊಣಗಿಲ್ಲ.

ಮಕ್ಕಳ ಪ್ರಪಂಚದಲ್ಲಿ ಓವನಮ್ಮನ ವರ್ಗೀಕರಣಕ್ಕೆ ಬೆಲೆಯಿಲ್ಲ. ತಾಯಂದಿರಿಗೆ ರಾಗಿ ಬೇಕು, ಮಕ್ಕಳಿಗೆ ಚಾಕೊಲೇಟ್ ಬೇಕು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ ಎಂದರೆ ತಾಯಂದಿರ ಕಣ್ಣು ಅರಳುತ್ತದೆ. ಅಂಟಿನ ಗುಣ ಇಲ್ಲದ ರಾಗಿ ಮಾತ್ರ ಡಬ್ಬಿ ತೆರೆಯುವಷ್ಟರಲ್ಲಿ ಪುಡಿಪುಡಿ. ಅದಕ್ಕೆ ರಾಗಿ ಹಿಟ್ಟನ್ನು ಹಸಿವಾಸನೆ ಹೋಗುವ ಹಾಗೆ ಹುರಿದು, ಅರ್ಧಕ್ಕೆ ಗೋಧಿ ಬೆರೆಸಿ, ಬಣ್ಣದ ಅನುಕೂಲ ಇರುವುದರಿಂದ ಒಂದು ಚಮಚ ಕೋಕೋ ಸೇರಿಸಿ ಡೈನೋಸಾರ್ ಅಚ್ಚಿನಲ್ಲಿ ಒತ್ತುತ್ತಾರೆ. ತಾಯಂದಿರಿಗೆ ಅದು ರಾಗಿ, ಮಕ್ಕಳಿಗೆ ಅದು ಚಾಕೊಲೇಟು. ಇಬ್ಬರಿಗೂ ಸುಳ್ಳು ಹೇಳಿದ ಹಾಗಾಗಲಿಲ್ಲ.

ಅಷ್ಟೆಲ್ಲ ಮಾಡಿ ಹೆಸರು ಬರೆದು ಕೊಟ್ಟ ಡಬ್ಬಿಗಳು ಬೆಳಿಗ್ಗೆ ಸ್ಕೂಲ್ ವ್ಯಾನಿಗೆ ಇಳಿಯುವ ಲಿಫ್ಟಿನೊಳಗೇ ಅದಲುಬದಲಾಗುತ್ತವೆ. ಒಂದು ಕೀಟೋ ಬಾದಾಮಿಗೆ ಎರಡು ರಾಗಿ ಡೈನೋಸಾರ್, ಒಂದು ಡೈನೋಸಾರಿಗೆ ಮೂರು ಶುಗರ್‌ಫ್ರೀ. ಬ್ಯಾಂಕ್ ಅಂಕಲ್ಲಿನ ಮೊಮ್ಮಗ ಈ ಮಾರುಕಟ್ಟೆಯ ದೊಡ್ಡ ದಲ್ಲಾಳಿ. ಅವನ ದಾಸ್ತಾನು ಎಲ್ಲಿಂದ ಬರುತ್ತದೆ, ತಾತ ಅದಕ್ಕೆ ಬದಲಾಗಿ ಏನು ಪಡೆಯುತ್ತಾರೆ ಎಂಬುದು ಅಜ್ಜಿಗೆ ಇನ್ನೂ ಗೊತ್ತಾಗಿಲ್ಲ. ಆದರೆ ಎಂಥ ಗದ್ದಲದಲ್ಲೂ ಕಡಲೇಕಾಯಿ ಆಗದ ಮಗುವಿನ ಕೆಂಪು ಡಬ್ಬಿಗೆ ಯಾರೂ ಕೈ ಹಾಕುವುದಿಲ್ಲ, ಅದರ ಹುಡುಗನಿಗೆ ಯಾರೂ ಏನೂ ಕೊಡುವುದಿಲ್ಲ. ಹೋಮ್‌ವರ್ಕಿನಿಂದ ಹಿಡಿದು ಹಲ್ಲುಜ್ಜುವ ತನಕ ಯಾವ ನಿಯಮವನ್ನೂ ಪಾಲಿಸದ ಪಟಾಲಂ ಪಾಲಿಸುವ ನಿಯಮ ಇದೊಂದೇ. ಹೇಗೆ ಕಲಿಸಿದರೋ ಓವನಮ್ಮನಿಗೇ ಗೊತ್ತು.

ಹಬ್ಬ ಬಂದರೆ ಓವನ್ನಿನ ಟ್ರೇ ತಣ್ಣಗಾಗುವುದಿಲ್ಲ. ಗಣೇಶನಿಗೆ ಮೋದಕದ ಆಕಾರ. ದಸರೆಗೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಬೊಂಬೆ ಬಾಗಿನ ಅಂತ ಒಂಬತ್ತು ದಿನಕ್ಕೆ ಒಂಬತ್ತು ಬಗೆ. ಸಂಕ್ರಾಂತಿಗೆ ಎಳ್ಳು ಕೊಬ್ಬರಿ ಹಾಕಿದ ಬಿಸ್ಕತ್ತು, ಅದನ್ನು ಒತ್ತಲು ಅಮ್ಮನ ಕಾಲದ ಸಕ್ಕರೆ ಅಚ್ಚಿನ ಮರದ ಮಣೆ. ಮಣೆಯಿಂದ ಎದ್ದ ಆನೆ ಓವನ್ನಿನಲ್ಲಿ ಹಿಗ್ಗಿ ಹಂದಿಯಾದದ್ದೂ ಉಂಟು. “ವರಾಹಾವತಾರ ಅಂತ ತಿನ್ನಿ” ಎಂದು ಹಂಚಿದರು.

ಕ್ರಿಸ್‌ಮಸ್ಸಿಗೆ ಮೂರನೇ ಮಹಡಿಯ ಮಂಗಳೂರಿನ ಆಂಟಿ ಕುಸ್ವಾರ್ ತಟ್ಟೆ ಕಳಿಸುತ್ತಾರೆ. ಮನೆಮಂದಿ ಎಲ್ಲ ಸುತ್ತ ಕೂತು ಸುರುಳಿ ಸುತ್ತಿ ಕರಿದ ಕಿಡ್ಯೊ, ಹೂರಣ ತುಂಬಿದ ನೆವ್ರ್ಯೊ, ಕಬ್ಬಿಣದ ಅಚ್ಚನ್ನು ಹಿಟ್ಟಿಗದ್ದಿ ಎಣ್ಣೆಗಿಳಿಸಿ ಅರಳಿಸಿದ ಗುಲಾಬಿ ಹೂವಿನಂಥ ಕೊಕ್ಕಿಸಾಂ. ಓವನಮ್ಮ ಅಭ್ಯಾಸಬಲದಿಂದ, “ಇದರಲ್ಲಿ ಏನೇನು ಇಲ್ಲ?” ಎಂದು ಕೇಳಿದರು. ಮಂಗಳೂರಿನ ಆಂಟಿ ಬೆರಳು ಮಡಚಲು ಹೋಗಿ, ಮಡಚಲು ಏನೂ ಸಿಗದೆ, “ಎಲ್ಲ ಉಂಟು ಮಾರಾಯ್ರೆ” ಎಂದರು. ಆ ತಟ್ಟೆಗೆ ಯಾವ ಸ್ಟಿಕರ್ ಅಂಟಿಸಬೇಕೆಂದು ತೋಚದೆ ಓವನಮ್ಮ ಅದನ್ನು ಮನೆಯವರೇ ತಿನ್ನುವುದೆಂದು ತೀರ್ಮಾನಿಸಿದರು.

ಮನೆಯವರು ಎಂದರೆ ಯಜಮಾನರು. ಸೀದದ್ದು, ಮುರಿದದ್ದು, ಆನೆಯಾಗದೆ ಹಂದಿಯಾದದ್ದು ಎಲ್ಲವೂ ಅವರ ಪಾಲಿಗೆ. ಬೆಳಗಿನ ಕಾಫಿಗೆ ವೀಗನ್ ಮುರುಕು, ಹನ್ನೊಂದು ಗಂಟೆಗೆ ಜೈನ್ ಮುರುಕು, ಮಧ್ಯಾಹ್ನ ಮಲಗಿ ಎದ್ದ ಮೇಲೆ ಕೀಟೋ ಮುರುಕು, ಸಂಜೆ ಟೀವಿ ನೋಡುತ್ತಾ ಡಯಾಬಿಟಿಕ್ ಮುರುಕು. ಭೂಮಿಯ ಮೇಲಿರುವ ಎಲ್ಲ ಪಥ್ಯಗಳನ್ನೂ ಒಂದೇ ದಿನದಲ್ಲಿ ಪಾಲಿಸುವ ಮನುಷ್ಯ ಅವರೊಬ್ಬರೇ ಇರಬೇಕು. ಆರು ಕೇಜಿ ಹೆಚ್ಚಾಗಿದ್ದಾರೆ. ಡಾಕ್ಟರ್ ಪಥ್ಯ ಮಾಡಿ ಎಂದಾಗ ಅವರು ನಕ್ಕ ನಗು ಡಾಕ್ಟರಿಗೆ ಅರ್ಥವಾಗಿರಲಾರದು.

ಕಳೆದ ತಿಂಗಳು ಐದನೇ ಮಹಡಿಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಾಡಿಗೆಗೆ ಬಂದ. ಓವನಮ್ಮ ನೋಟ್‌ಬುಕ್ ಹಿಡಿದು ಬಾಗಿಲು ತಟ್ಟಿದರು. ನಾನು ನೀರಿನ ಬಿಲ್ಲಿನ ಕೆಲಸಕ್ಕೆ ಅಲ್ಲೇ ನಿಂತಿದ್ದೆ.

“ನಿಮಗೆ ಏನೇನು ಆಗಲ್ಲಪ್ಪ?”

“ಎಲ್ಲಾ ಆಗ್ತೈತ್ರೀ.”

“ಮೈದಾ?”

“ಆಗ್ತೈತ್ರೀ.”

“ಹಾಲು, ತುಪ್ಪ, ಸಕ್ಕರೆ?”

“ಬೆಣ್ಣೆದೋಸೆ ಊರಿನವ್ನಿಗೆ ಇದೇನ್ ಕೇಳ್ತೀರಿ ಆಂಟಿ?”

“ವಾರದಲ್ಲಿ ಯಾವುದಾದರೂ ದಿನ?”

“ದಿನಾ ತಿಂತೀನ್ರೀ.”

ಓವನಮ್ಮ ನೋಟ್‌ಬುಕ್ಕಿನ ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದರು. ಆ ಹುಡುಗನಿಗೆ ಒಪ್ಪುವ ಬಣ್ಣದ ಡಬ್ಬಿ ಯಾವ ಪುಟದಲ್ಲೂ ಇರಲಿಲ್ಲ. ಅವನನ್ನು ತಲೆಯಿಂದ ಕಾಲಿನ ತನಕ ಕನಿಕರದಿಂದ ನೋಡಿದರು.

“ಯಾವುದಕ್ಕೂ ಒಂದ್ಸಲ ಬ್ಲಡ್ ಟೆಸ್ಟ್ ಮಾಡಿಸಿಬಿಡಿ. ಏನಾದರೂ ಒಂದು ಸಿಕ್ಕೇ ಸಿಗತ್ತೆ. ಅಲ್ಲಿ ತನಕ ಬಿಸ್ಕತ್ತು ಬೇಕಾದರೆ ಮೂಲೆಯಲ್ಲಿ ಅಯ್ಯಂಗಾರ್ ಬೇಕರಿ ಇದೆ.”