ಬೇಸ್‌ಬಾಲ್–ಬಿಯರ್ ಯಾತ್ರೆ ಕೆಡಿಸಿಕೊಳ್ಳುವ ಸರಿಯಾದ ಕ್ರಮ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ, ತಂಡಕ್ಕೊಂದು ಕ್ರೀಡಾಂಗಣ. ಆ ದೇಶದಲ್ಲಿ ಬಿಯರ್ ಕಾಯಿಸುವ ಬ್ರೂವರಿಗಳು ಒಂಬತ್ತು ಸಾವಿರಕ್ಕೂ ಹೆಚ್ಚು. ಬೇಸಿಗೆ ಬಂತೆಂದರೆ ಇವೆರಡನ್ನೂ ಸೇರಿಸಿ ನಾಲ್ಕು ಜನ ಗೆಳೆಯರು ಒಂದು ಕಾರಿನಲ್ಲಿ ಸುತ್ತಿ ಬರೋಣ ಅನ್ನುವ ಹುಮ್ಮಸ್ಸು ಅಲ್ಲಿನವರಿಗೂ ಹುಟ್ಟುತ್ತದೆ, ಅಲ್ಲಿ ನೆಲೆಸಿದ ನಮ್ಮವರಿಗೂ ಹುಟ್ಟುತ್ತದೆ. ಹುಟ್ಟಲಿ. ಆದರೆ ಹೋಗಿ, ಆಟ ನೋಡಿ, ಖುಷಿಪಟ್ಟು ಬರುವ ಪ್ರವಾಸವಾಗಲು ಅದನ್ನು ಬಿಡಬೇಡಿ. ಖುಷಿ ಯಾರಿಗೆ ಬೇಕಾದರೂ ಸಿಗುತ್ತದೆ. ರಜೆ, ದುಡ್ಡು, ಸ್ನೇಹ ಮೂರನ್ನೂ ಒಂದೇ ಏಟಿಗೆ ಹಾಳುಮಾಡಿಕೊಳ್ಳಲು ತಯಾರಿ ಬೇಕು.

ಮೊದಲು ಹೋಟೆಲ್ ಕಾಯ್ದಿರಿಸಿ, ರದ್ದು ಮಾಡಿದರೆ ದುಡ್ಡು ವಾಪಸ್ ಬಾರದ ದರದಲ್ಲಿ. ಪಂದ್ಯಗಳ ವೇಳಾಪಟ್ಟಿಯನ್ನು ಆಮೇಲೆ ನೋಡಿ. ಒಂದು ತಂಡ ಸೀಸನ್‌ಗೆ 162 ಪಂದ್ಯ ಆಡುತ್ತದೆ, ತನ್ನ ಊರಿನಲ್ಲಿ ಆಡುವುದು ಅದರ ಅರ್ಧ. ಉಳಿದ ಅರ್ಧ ಅದು ಬೇರೆ ಊರಿನಲ್ಲಿರುತ್ತದೆ. ಅಂದರೆ ಏನೂ ವಿಚಾರಿಸದೆ ಹೋದರೆ ಖಾಲಿ ಕ್ರೀಡಾಂಗಣದ ಗೇಟಿನ ಮುಂದೆ ನಿಲ್ಲುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಇದನ್ನು ಇನ್ನೂ ಉತ್ತಮಪಡಿಸಲು ಸೋಮವಾರ ಹೊರಡಿ. ಸಣ್ಣ ಬ್ರೂವರಿಗಳಲ್ಲಿ ಹಲವು ಆ ದಿನ ಬಾಗಿಲು ತೆರೆಯುವುದಿಲ್ಲ.

ದಾರಿಯ ವಿಷಯ. ಮಿಲ್ವಾಕಿ, ಷಿಕಾಗೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್ ಈ ಐದೂ ನಕ್ಷೆಯಲ್ಲಿ ಸಾಲಾಗಿ ಕೂತಿವೆ. ಮಿಲ್ವಾಕಿಯಿಂದ ಷಿಕಾಗೊ ಬರೀ 90 ಮೈಲಿ. ಹೀಗೆ ಒಂದಾದ ಮೇಲೊಂದು ಹೋದರೆ ಆಯಾಸವಾಗುವುದಿಲ್ಲ, ಜಗಳಕ್ಕೆ ವೇಳೆಯೂ ಸಿಗುವುದಿಲ್ಲ. ಆದ್ದರಿಂದ ಷಿಕಾಗೊ ಆದಮೇಲೆ ಡೆನ್ವರ್ ತೂರಿಸಿ. ಹೋಗುವಾಗ ಸುಮಾರು ಸಾವಿರ ಮೈಲಿ, ಮತ್ತೆ ಡೆಟ್ರಾಯಿಟ್‌ಗೆ ತಿರುಗಿ ಬರುವಾಗ ಅದಕ್ಕಿಂತ ಜಾಸ್ತಿ. ನಡುವೆ ನೆಬ್ರಾಸ್ಕಾ ಸಿಗುತ್ತದೆ. ಅಲ್ಲಿ ಮೆಕ್ಕೆಜೋಳದ ಹೊಲವಿದೆ. ಅದರ ಮುಂದೆಯೂ ಮೆಕ್ಕೆಜೋಳದ ಹೊಲವಿದೆ. ಗುಂಪಿನಲ್ಲಿ ದಾವಣಗೆರೆ, ಹಾವೇರಿ ಕಡೆಯವರಿದ್ದರೆ ಇಡೀ ದಿನ ಎಕರೆಗೆ ಎಷ್ಟು ಕ್ವಿಂಟಲ್ ಎಂದು ಲೆಕ್ಕ ಹೇಳುತ್ತಾ ಬರಲಿ, ತಡೆಯಬೇಡಿ. ಈ ಸುತ್ತಾಟದಲ್ಲಿ ವೇಳೆ ಸಾಲದೆ ಪಿಟ್ಸ್‌ಬರ್ಗ್ ಬಿಟ್ಟುಹೋಗುತ್ತದೆ. ನದಿ, ಹಳದಿ ಸೇತುವೆ, ಅದರಾಚೆ ಊರಿನ ಕಟ್ಟಡಗಳು ಎಲ್ಲವೂ ಸೀಟಿನಿಂದಲೇ ಕಾಣುವ ಆ ಕ್ರೀಡಾಂಗಣ ದೇಶದಲ್ಲೇ ಅತಿ ಚೆಂದದ್ದು ಎನ್ನುವವರು ಬಹಳ. ಬಿಡಬೇಕಾದ್ದೂ ಅದನ್ನೇ.

ಇನ್ನು ಡ್ರೈವರ್. ಅಲ್ಲಿ ರಕ್ತದಲ್ಲಿ ಆಲ್ಕೋಹಾಲ್ ಶೇ 0.08 ಮುಟ್ಟಿದರೆ ಗಾಡಿ ಓಡಿಸುವುದು ಅಪರಾಧ. ಯೂಟಾ ರಾಜ್ಯದಲ್ಲಿ 0.05ಕ್ಕೇ ಅಪರಾಧ. ಮುಚ್ಚಳ ತೆಗೆದ ಬಾಟಲಿ ಕಾರಿನೊಳಗಿದ್ದರೂ ಬಹುತೇಕ ರಾಜ್ಯಗಳಲ್ಲಿ ತಪ್ಪು. ಈ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿ, ಏಕೆಂದರೆ ಪಾಲಿಸುವುದರಲ್ಲೇ ಹೆಚ್ಚಿನ ಯಾತನೆಯಿದೆ. ಕುಡಿಯದವನನ್ನು ಸ್ಟಿಯರಿಂಗ್ ಮುಂದೆ ಕೂರಿಸುವುದು ಹೊಸಬರ ಪದ್ಧತಿ. ನೀವು ಗ್ಯಾರೇಜಿನಲ್ಲಿ ತಾನೇ ಬಿಯರ್ ಕಾಯಿಸುವವನನ್ನು ಆರಿಸಿ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡುವುದಕ್ಕೆ ಒಪ್ಪಿಗೆ ಸಿಕ್ಕಿತು ಎಂಬುದರಿಂದ ಶುರುಮಾಡಿ ಹಾಪ್ಸ್ ಹೂವಿನ ತಳಿಗಳವರೆಗೆ ಎಲ್ಲವನ್ನೂ ಅವನು ಬಾಯಿಪಾಠ ಒಪ್ಪಿಸಬೇಕು. ಇಂಥವನೇ ಪ್ರವಾಸದುದ್ದಕ್ಕೂ ಕಾರು ಓಡಿಸಲಿ. ನಾನು ಕುಡಿಯುವುದಿಲ್ಲ, ಗಾಡಿ ಓಡಿಸುತ್ತೇನೆ ಎಂದು ಹೆಸರು ಬರೆಸಿದರೆ ಹಲವು ಕ್ರೀಡಾಂಗಣಗಳಲ್ಲಿ ಒಂದು ಸೋಡಾ ಪುಕ್ಕಟೆ. ಅದನ್ನು ನೀವೇ ತಂದು ಅವನ ಕೈಗೆ ಕೊಡಿ. ನಗುತ್ತಾ ಕೊಡಿ.

ಸಸ್ಯಾಹಾರಿ ಒಬ್ಬ ಗುಂಪಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ಎಲ್ಲಿಂದಲಾದರೂ ಕರೆತನ್ನಿ. ಮಿಲ್ವಾಕಿಯಲ್ಲಿ ಅವನು ಬೇಕಾಗುತ್ತಾನೆ. ಆ ಊರು ಬಿಯರಿಗೇ ಹೆಸರಾದದ್ದು, ತಂಡದ ಹೆಸರೇ ಬ್ರೂವರ್ಸ್. ಪಂದ್ಯಕ್ಕೆ ಮೊದಲು ಪಾರ್ಕಿಂಗ್ ಜಾಗದಲ್ಲಿ ಡಿಕ್ಕಿ ತೆರೆದಿಟ್ಟು, ಕೆಂಡದ ಒಲೆ ಹಚ್ಚಿ, ಸಾಸೇಜ್ ಸುಡುವುದು ಅಲ್ಲಿನವರ ವಾಡಿಕೆ. ನೀವೂ ಹಚ್ಚಿ. ಬ್ರಾಟ್‌ವರ್ಸ್ಟ್ ಸಾಸೇಜನ್ನೂ ನಿಮ್ಮ ಸಸ್ಯಾಹಾರಿಯ ಜೋಳದ ತೆನೆಯನ್ನೂ ಒಂದೇ ಜಾಲರಿಯ ಮೇಲೆ ಒತ್ತೊತ್ತಾಗಿ ಇಡಿ. ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ ಎಂದ ಕೂಡಲೇ ಇಕ್ಕಳದಿಂದ ಸಾಸೇಜ್ ತಿರುವಿ. ಅದೇ ಇಕ್ಕಳದಿಂದ ತೆನೆಯನ್ನೂ ತಿರುವಿ. ಅವನು ಮುಖ ನೋಡಿದರೆ, "ಬೆಂಕಿಗೆ ಎಲ್ಲಿಯ ಮೈಲಿಗೆ, ಮಗಾ" ಎಂದು ಸಮಾಧಾನ ಹೇಳಿ. ಅವನು ಮಾತಾಡದೆ ಎದ್ದು ಬ್ಯಾಗಿನಿಂದ ಪುಳಿಯೋಗರೆ ಡಬ್ಬಿ ತೆಗೆಯುತ್ತಾನೆ. ಮುಚ್ಚಳ ತೆಗೆಯುತ್ತಿದ್ದ ಹಾಗೇ ಮೂವರೂ ಕೈಹಾಕಿ ಅದನ್ನು ಖಾಲಿ ಮಾಡಿ. ಆರನೇ ಇನಿಂಗ್ಸ್‌ನಲ್ಲಿ ಸಾಸೇಜ್ ವೇಷ ತೊಟ್ಟ ಐದು ಮಂದಿ ಮೈದಾನದ ಅಂಚಿನಲ್ಲಿ ಓಟದ ಸ್ಪರ್ಧೆ ನಡೆಸುತ್ತಾರೆ. ಯಾವುದಕ್ಕೆ ಬಾಜಿ ಕಟ್ತೀಯ ಎಂದು ಅವನನ್ನೇ ಕೇಳಿ.

ಷಿಕಾಗೊದ ರಿಗ್ಲಿ ಫೀಲ್ಡ್ 1914ರದ್ದು. ರಾತ್ರಿ ಪಂದ್ಯಕ್ಕೆ ದೀಪ ಹಾಕಿಸಲು ಅದು 1988ರವರೆಗೆ ಕಾಯಿತು. ಗೋಡೆಯ ತುಂಬ ಹಸಿರು ಬಳ್ಳಿ, ಚಾವಣಿಗೆ ಹಳೇ ಕಾಲದ ಕಂಬಗಳು. ಟಿಕೆಟ್ ಕೊಳ್ಳುವಾಗ ಕಂಬದ ಹಿಂದಿನ ಸೀಟು ಕೇಳಿ ಪಡೆಯಿರಿ, ಅಗ್ಗವಾಗಿ ಸಿಗುತ್ತದೆ. ಚೆಂಡು ಎಸೆಯುವವನು ಕಂಡರೆ ಹೊಡೆಯುವವನು ಕಾಣುವುದಿಲ್ಲ, ಹೊಡೆಯುವವನು ಕಂಡರೆ ಎಸೆಯುವವನು ಕಾಣುವುದಿಲ್ಲ. ಆದರೂ ಕ್ರಿಕೆಟ್ ಬಲ್ಲವರಾದ ನೀವು ಸುಮ್ಮನೆ ಕೂರಬಾರದು. ಪ್ರತಿ ಎಸೆತಕ್ಕೂ, "ಇದೆಲ್ಲ ಫುಲ್‌ಟಾಸ್ ಗುರು, ನಮ್ಮ ದ್ರಾವಿಡ್ ಆಗಿದ್ರೆ ನಿದ್ದೆಗಣ್ಣಲ್ಲಿ ಆಡೋನು" ಎಂದು ಮುಂದಿನ ಸಾಲಿಗೂ ಕೇಳುವಂತೆ ಹೇಳಿ. ಕನ್ನಡ ಬಾರದವರಿಗೆ ಇಂಗ್ಲಿಷಿನಲ್ಲಿ ಹೇಳಿ.

ಚೆಂಡು ಕೈಗೆ ಸಿಕ್ಕಿದರೆ ಹೀಗೆ ಮಾಡಿ. ಬೇಸ್‌ಬಾಲ್‌ನಲ್ಲಿ ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವರದ್ದು. ಮನೆಗೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ನೀವು ಚಿನ್ನಸ್ವಾಮಿ ಕ್ರೀಡಾಂಗಣದ ಶಿಸ್ತಿನಂತೆ ತಕ್ಷಣ ಮೈದಾನಕ್ಕೆ ವಾಪಸ್ ಎಸೆಯಿರಿ. ಪಕ್ಕದಲ್ಲಿ ಕೈಗವಸು ಹಾಕಿಕೊಂಡು ಬಾಯಿ ತೆರೆದು ನಿಂತ ಹುಡುಗನನ್ನು ನೋಡಬೇಡಿ. ರಿಗ್ಲಿಯಲ್ಲಿ ಮಾತ್ರ ಇದನ್ನು ತಿರುವುಮುರುವು ಮಾಡಿ. ಅಲ್ಲಿ ಎದುರಾಳಿ ಹೊಡೆದ ಹೋಮ್ ರನ್ ಚೆಂಡನ್ನು ಮೈದಾನಕ್ಕೆ ಹಿಂತಿರುಗಿಸುವುದು ಸಂಪ್ರದಾಯ. ಅದನ್ನು ಭದ್ರವಾಗಿ ಚೀಲಕ್ಕೆ ಹಾಕಿಕೊಳ್ಳಿ. ಎಸಿ, ಎಸಿ ಎಂದು ಆ ಕಡೆಯ ಸ್ಟ್ಯಾಂಡ್ ಪೂರ್ತಿ ಕೂಗುತ್ತದೆ. ಎದ್ದು ನಿಂತು ಕೈಮುಗಿಯಿರಿ.

ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ ಮೇಲಂತಸ್ತಿನ ಒಂದು ಸಾಲಿಗೆ ಮಾತ್ರ ನೇರಳೆ ಬಣ್ಣ. ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, ಅಂದರೆ 5,280 ಅಡಿ ಎತ್ತರ ಅದು. ತೆಳು ಗಾಳಿಯಲ್ಲಿ ಚೆಂಡು ವಿಪರೀತ ದೂರ ಹಾರುತ್ತದೆಂದು 2002ರಿಂದ ಚೆಂಡುಗಳನ್ನು ತೇವ ಕಾಪಾಡುವ ಕೋಣೆಯಲ್ಲಿ ಇಟ್ಟು ತರುತ್ತಾರೆ. ಬ್ಲೂ ಮೂನ್ ಬಿಯರ್ ಹುಟ್ಟಿದ್ದು ಈ ಕ್ರೀಡಾಂಗಣದೊಳಗಿನ ಬ್ರೂವರಿಯಲ್ಲೇ. ಸಾವಿರ ಮೈಲಿ ಬಂದದ್ದಕ್ಕೆ ನೇರಳೆ ಸಾಲಿನಲ್ಲಿ ಕೂತು ಒಂದು ಸೆಲ್ಫಿ ತೆಗೆದುಕೊಳ್ಳಿ. ಮೂರನೇ ಇನಿಂಗ್ಸ್‌ಗೆ ಎದ್ದುಬಿಡಿ, ಡೆಟ್ರಾಯಿಟ್ ದೂರ ಇದೆ. ಪೂರ್ವಕ್ಕೆ ಹೋಗುವಾಗ ಗಡಿಯಾರ ಎರಡು ಗಂಟೆ ಮುಂದಕ್ಕೆ ಹೋಗುತ್ತದೆ. ಈ ವಿಷಯವನ್ನು ಯಾರಿಗೂ ನೆನಪಿಸಬೇಡಿ. ಡೆಟ್ರಾಯಿಟ್ ಪಂದ್ಯ ನೋಡುವ ಕೆಲಸ ಅಲ್ಲಿಗೆ ಮುಗಿಯಿತು.

ಬ್ರೂವರಿಗಳಲ್ಲಿ ರುಚಿ ನೋಡಲೆಂದು ಹಲಗೆಯ ಮೇಲೆ ನಾಲ್ಕೈದು ಪುಟ್ಟ ಗ್ಲಾಸುಗಳನ್ನು ಜೋಡಿಸಿ ಕೊಡುತ್ತಾರೆ. ಬಲ್ಲವರು ತಿಳಿಯಾದದ್ದರಿಂದ ಶುರುಮಾಡಿ ಗಟ್ಟಿಯಾದದ್ದಕ್ಕೆ ಹೋಗುತ್ತಾರೆ. ನೀವು ಬೋರ್ಬನ್ ಪೀಪಾಯಿಯಲ್ಲಿ ಮಾಗಿದ ಕಪ್ಪು ಸ್ಟೌಟ್‌ನಿಂದಲೇ ಆರಂಭಿಸಿ. ಆಮೇಲೆ ಬರುವುದೆಲ್ಲ ನಲ್ಲಿ ನೀರಿನಂತೆ ಇರುತ್ತದೆ, ಹಾಗೆಂದು ಬ್ರೂವರಿಯವನ ಎದುರೇ ಹೇಳಿ. ಐಪಿಎ ಬಿಯರ್ ಕಹಿ ಎಂದು ದೂರು ಕೊಡಿ. ಇಂದಿರಾನಗರದಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ ಎಂಬ ಮಾತು ಪ್ರತಿ ಊರಿನಲ್ಲೂ ಒಮ್ಮೆ ಬರಲಿ. ಕುಡಿಯುವ ಮುಂಚೆಯೇ ಫೋಟೊ ತೆಗೆದು, ಆ್ಯಪ್‌ನಲ್ಲಿ ಎರಡೂವರೆ ನಕ್ಷತ್ರ ಕೊಟ್ಟುಬಿಡಿ, ನೊರೆ ಇಳಿದುಹೋದರೆ ಹೋಗಲಿ. ಒಂದೊಂದು ಗ್ಲಾಸನ್ನೂ ಡ್ರೈವರ್‌ನ ಮೂಗಿನ ಹತ್ತಿರ ಹಿಡಿದು, "ಯಾವ ಹಾಪ್ಸ್ ಹೇಳು ನೋಡೋಣ" ಅನ್ನಿ. ಹೇಳಿದ ಮೇಲೆ ಗ್ಲಾಸ್ ವಾಪಸ್ ತೆಗೆದುಕೊಳ್ಳಿ.

ಕ್ರೀಡಾಂಗಣದಲ್ಲಿ ಬಿಯರ್ ಕೊಳ್ಳಲು ಬೇರೆ ನಿಯಮ. 2023ರಲ್ಲಿ ಚೆಂಡು ಎಸೆಯುವ ಪಿಚರ್‌ಗೆ ಗಡಿಯಾರ ಕಟ್ಟಿ ಕಾಲಮಿತಿ ಹಾಕಿದ ಮೇಲೆ ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟ ಗಿಡ್ಡವಾಯಿತು, ಕ್ಯೂ ಗಿಡ್ಡವಾಗಲಿಲ್ಲ. ಹಲವು ಕಡೆ ಏಳನೇ ಇನಿಂಗ್ಸ್ ಹೊತ್ತಿಗೆ ಮಾರಾಟ ನಿಲ್ಲುತ್ತದೆ. ಸ್ಕೋರು ಸಮನಾಗಿ ಎಲ್ಲರೂ ಎದ್ದು ನಿಂತಿರುವ ಆ ಗಳಿಗೆಯಲ್ಲೇ ಇಡೀ ಸಾಲನ್ನು ತುಳಿದುಕೊಂಡು ಹೊರಡಿ. ನಿಮ್ಮ ಸರದಿ ಬರುವಾಗ ಕೌಂಟರ್ ಮುಚ್ಚುತ್ತದೆ. ಮತ್ತೆ ತುಳಿದುಕೊಂಡು ವಾಪಸ್ ಬಂದು "ಏನಾಯ್ತು?" ಎಂದು ಕೇಳಿ.

ಕ್ಲೀವ್‌ಲ್ಯಾಂಡ್ ತಲುಪಿದ ಮೇಲೆ ಸ್ವಲ್ಪ ವಿನಯದಿಂದಿರಿ. ಈ ವಿದ್ಯೆಯಲ್ಲಿ ಆ ಊರು ನಮಗೆಲ್ಲ ಹಿರಿಯಣ್ಣ. 1974ರ ಜೂನ್ 4ರಂದು ಅಲ್ಲಿನ ಹಳೆಯ ಕ್ರೀಡಾಂಗಣದಲ್ಲಿ, ಜನ ಬರಲಿ ಎಂದು, ಬಿಯರನ್ನು ಗ್ಲಾಸಿಗೆ 10 ಸೆಂಟಿನಂತೆ ಮಾರಿದರು. 25 ಸಾವಿರ ಜನ ಬಂದರು. ಮೈದಾನದಲ್ಲಿ ಬೆತ್ತಲೆ ಓಟಗಳಾದವು. ಒಂಬತ್ತನೇ ಇನಿಂಗ್ಸ್‌ನಲ್ಲಿ ಸ್ಕೋರು 5–5 ಆಗಿದ್ದಾಗ ಪ್ರೇಕ್ಷಕನೊಬ್ಬ ಎದುರಾಳಿ ಟೆಕ್ಸಸ್ ರೇಂಜರ್ಸ್ ತಂಡದ ಆಟಗಾರ ಜೆಫ್ ಬರೋಸ್ ಅವರ ಟೋಪಿ ಕಿತ್ತುಕೊಳ್ಳಲು ಓಡಿಬಂದ. ಟೆಕ್ಸಸ್ ತಂಡದ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಆಟಗಾರರ ಕೈಗೆ ಬ್ಯಾಟು ಕೊಟ್ಟು ಮೈದಾನಕ್ಕೆ ನುಗ್ಗಿದರು. ಪ್ರೇಕ್ಷಕರೂ ನುಗ್ಗಿದರು. ಕೊನೆಗೆ ಅಂಪೈರ್ ಪಂದ್ಯವನ್ನೇ ಟೆಕ್ಸಸ್‌ಗೆ ಒಪ್ಪಿಸಿ ಕೈತೊಳೆದುಕೊಂಡರು. ತವರಿನ ಅಭಿಮಾನಿಗಳೇ ಬಿಯರ್ ಕುಡಿದು ತವರಿನ ತಂಡವನ್ನು ಸೋಲಿಸಿದ ಇಂಥ ಕೆಲಸ ನಾಲ್ಕು ಜನರಿಂದ ಆಗುವುದಲ್ಲ. ನಿಮ್ಮ ಕೈಲಾದಷ್ಟು ಮಾಡಿ.

ಕೈಲಾಗುವಂಥದ್ದು ಲೆಕ್ಕ. ವಾಪಸ್ ಬರುವ ರಾತ್ರಿ, ಎಲ್ಲರಿಗೂ ಸೊಂಟ ಹಿಡಿದಿರುವಾಗ, ಖರ್ಚು ಹಂಚುವ ಸ್ಪ್ಲಿಟ್‌ವೈಸ್ ಆ್ಯಪ್ ತೆರೆಯಿರಿ. ಪಾರ್ಕಿಂಗ್, ಪೆಟ್ರೋಲು, ಟೋಲು, ಇದ್ದಿಲು ಎಲ್ಲವನ್ನೂ ನಾಲ್ಕು ಪಾಲು ಮಾಡಿ. ಬಿಯರನ್ನೂ ನಾಲ್ಕೇ ಪಾಲು ಮಾಡಿ. ಡ್ರೈವರ್ ತಕರಾರು ತೆಗೆದರೆ ಅವನು ವಾಸನೆ ನೋಡಿದ್ದನ್ನು ನೆನಪಿಸಿ. ಸಾಸೇಜ್ ಖರ್ಚಿನಲ್ಲಿ ಸಸ್ಯಾಹಾರಿಗೂ ಪಾಲಿರಲಿ, ಜಾಲರಿ ಒಂದೇ ಆಗಿತ್ತಲ್ಲ. ಅವನು ಪುಳಿಯೋಗರೆಗೆ ರೇಟು ಹಾಕಿದರೆ ಮಾತ್ರ, "ಇಷ್ಟು ಚಿಲ್ಲರೆ ಬುದ್ಧಿ ನಿನಗಿದೆ ಅಂದುಕೊಂಡಿರಲಿಲ್ಲ" ಎಂದು ಮನನೊಂದು ಹೇಳಿ, ಕಿಟಕಿಯ ಕಡೆ ತಿರುಗಿ ಕೂತುಬಿಡಿ.

ಊರು ಮುಟ್ಟಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನಿಂದ ಮೊದಲು ಹೊರಬರುವವರು ನೀವಾಗಿರಿ. ಇನ್ನೂ 26 ಕ್ರೀಡಾಂಗಣ ಬಾಕಿ ಇವೆ. ಬೇರೆ ಗೆಳೆಯರನ್ನು ಈಗಿನಿಂದಲೇ ಹುಡುಕಿಕೊಳ್ಳಿ, ಅದರಲ್ಲಿ ಒಬ್ಬ ಸಸ್ಯಾಹಾರಿ ಇರಲಿ.